ಬಹುವ್ಯಕ್ತಿತ್ವದ ಚಿಕಿತ್ಸೆ: ಆಯ್ಕೆಯಿಂದ ಏಕೀಕರಣದೆಡೆಗೆ

ಒಬ್ಬರಲ್ಲಿಯೇ ಎರಡು ಅಥವಾ ಹೆಚ್ಚು ವ್ಯಕ್ತಿತ್ವಗಳು ಸರದಿಯಂತೆ ತಲೆದೋರುವ, ಒಂದರ ಅನುಭವ ಮತ್ತೊಂದಕ್ಕೆ ನೆನಪಿರದ ಸ್ಥಿತಿಯನ್ನು ಮನೋವೈದ್ಯರು ಬಹುವ್ಯಕ್ತಿತ್ವದ ಕಾಯಿಲೆ ಎಂದು ಕರೆಯುತ್ತಿದ್ದರು. 1994ರಲ್ಲಿ ಅಮೆರಿಕದ ಮನೋವೈದ್ಯಕೀಯ ಸಂಘವು ಇದಕ್ಕೆ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಅಂದರೆ ವಿಘಟಿತ ಅಸ್ಮಿತೆಯ ಕಾಯಿಲೆ ಎಂಬ ಹೆಸರನ್ನಿತ್ತಿತು. ಇದರ ಚಿಕಿತ್ಸೆಯ ಚರಿತ್ರೆಯುದ್ದಕ್ಕೂ ಒಂದು ಪ್ರಶ್ನೆ ಹರಿದುಬಂದಿದೆ: ಈ ವ್ಯಕ್ತಿತ್ವಗಳಲ್ಲಿ ನಿಜವಾದುದು ಯಾವುದು? ಚಿಕಿತ್ಸೆ ಇಂದಿನ ರೂಪವನ್ನು ತಾಳಿದ್ದು ಆ ಪ್ರಶ್ನೆಯನ್ನು ಕೈಬಿಟ್ಟ ಮೇಲೆಯೇ.

ಫ್ರಾನ್ಸಿನ ಬೋರ್ಡೋ ನಗರದ ವೈದ್ಯ ಯೂಜೀನ್ ಅಜಾಮ್ 1858ರಿಂದ ಫೆಲಿದಾ ಎಂಬ ಯುವತಿಯನ್ನು ದಶಕಗಳ ಕಾಲ ಗಮನಿಸಿದನು. ಮ್ಲಾನವಾದ ಮೊದಲ ಸ್ಥಿತಿಗಿಂತ ಉಲ್ಲಾಸದ ಎರಡನೆಯ ಸ್ಥಿತಿಯೇ ಕ್ರಮೇಣ ಆಕೆಯ ಬದುಕನ್ನು ಬಹುಪಾಲು ಆವರಿಸಿತು. ಯಾವುದನ್ನು ರೋಗವೆನ್ನಬೇಕೆಂಬುದೇ ಇಲ್ಲಿ ಜಟಿಲವಾಯಿತು. ಮುಂದೆ ಪಿಯೇರ್ ಜಾನೆ 1889ರ ತನ್ನ ಪ್ರಬಂಧದಲ್ಲಿ ವಿಘಟನೆಯ ತತ್ತ್ವವನ್ನು ವಿವರಿಸಿದನು. ಸಹಿಸಲಾಗದ ಅನುಭವವು ಪ್ರಜ್ಞೆಯಿಂದ ಕಡಿದುಕೊಂಡು ಪ್ರತ್ಯೇಕವಾಗಿ ಬದುಕುತ್ತದೆ ಎಂಬುದು ಆತನ ನಿಲುವು. ಮೊದಲು ರೋಗಿಯನ್ನು ಶಾಂತಗೊಳಿಸಿ, ಅನಂತರ ಆ ನೆನಪನ್ನು ಸಂಮೋಹನದ ನೆರವಿನಿಂದ ಹದಗೊಳಿಸಿ, ಕಡೆಗೆ ವ್ಯಕ್ತಿತ್ವವನ್ನು ಮತ್ತೆ ಕೂಡಿಸುವುದು ಆತನ ಚಿಕಿತ್ಸೆಯಲ್ಲಿ ಕಾಣಬರುವ ಕ್ರಮ.

ಬಾಸ್ಟನ್ನಿನ ಮಾರ್ಟನ್ ಪ್ರಿನ್ಸ್ ಹಿಡಿದ ದಾರಿ ಬೇರೆ. 1898ರಲ್ಲಿ ತನ್ನ ಬಳಿಗೆ ಬಂದ ತರುಣಿಯ ವೃತ್ತಾಂತವನ್ನು, ಮಿಸ್ ಬೋಶಾಂ ಎಂಬ ಕಲ್ಪಿತನಾಮದಲ್ಲಿ, ಆತ 1906ರ ಗ್ರಂಥದಲ್ಲಿ ನಿರೂಪಿಸಿದನು. ಆಕೆಯ ಎರಡು ವ್ಯಕ್ತಿತ್ವಗಳನ್ನು ಸಂಮೋಹನದಿಂದ ಬೆಸೆದು ಅದನ್ನೇ ನಿಜವೆಂದು ಆತ ನಿರ್ಣಯಿಸಿದನು. ಸ್ಯಾಲಿ ಎಂಬ ತುಂಟ ವ್ಯಕ್ತಿತ್ವವನ್ನು ಅಡಗಿಸಲಾಯಿತು. ನಿರ್ಣಯದ ಅಧಿಕಾರ ವೈದ್ಯನದೇ ಆಗಿತ್ತು.

ಈ ಅಧಿಕಾರದ ಮಿತಿಯನ್ನು ಮುಂದಿನ ಪ್ರಸಂಗಗಳು ತೋರಿಸಿದವು. 1957ರಲ್ಲಿ ಥಿಗ್‌ಪೆನ್ ಮತ್ತು ಕ್ಲೆಕ್ಲಿ ‘ಈವ್’ಳ ಮೂರು ಮುಖಗಳ ಕಥೆಯನ್ನು ಗುಣಮುಖಳಾದವಳ ಕಥೆಯೆಂಬಂತೆ ಪ್ರಕಟಿಸಿದರು. 1977ರಲ್ಲಿ ಆಕೆಯೇ, ಕ್ರಿಸ್ ಸೈಜ್‌ಮೋರ್ ಎಂಬ ನಿಜನಾಮದಲ್ಲಿ ಆತ್ಮಕಥನವನ್ನು ಹೊರತಂದು, ತನ್ನ ರೋಗ ಅಲ್ಲಿಗೆ ಮುಗಿದಿರಲಿಲ್ಲವೆಂದು ತಿಳಿಸಿದಳು. 1973ರಲ್ಲಿ ಪ್ರಕಟವಾದ ‘ಸಿಬಿಲ್’ ವೃತ್ತಾಂತದಲ್ಲಿ ಸಂಮೋಹನದೊಡನೆ ಪೆಂಟೊಥಾಲ್ ಔಷಧಿಯೂ ಬಳಕೆಯಾಯಿತು. ವೈದ್ಯರ ನಿರೀಕ್ಷೆಯೇ ಆಕೆಯ ವ್ಯಕ್ತಿತ್ವಗಳನ್ನು ಬೆಳೆಸಿತೇ ಎಂಬ ಸಂದೇಹ ತರುವಾಯ ಬಲವಾಯಿತು. 1990ರ ದಶಕದಲ್ಲಿ, ಚಿಕಿತ್ಸೆಯಲ್ಲಿ ಮೂಡಿದ ಹುಸಿ ನೆನಪುಗಳ ವಿಚಾರ ಅಮೆರಿಕದ ನ್ಯಾಯಾಲಯಗಳನ್ನೂ ಮುಟ್ಟಿತು. ಬಾಲ್ಯದ ಆಘಾತಕ್ಕೆ ಎಷ್ಟು ಪಾತ್ರ, ಸೂಚನೆಗೆ ಎಷ್ಟು ಎಂಬ ವಾದ ಇನ್ನೂ ನಿಂತಿಲ್ಲ.

ವಿಘಟನೆಯ ಅಧ್ಯಯನಕ್ಕೆ ಮೀಸಲಾದ ಅಂತರರಾಷ್ಟ್ರೀಯ ಸಂಘದ 2011ರ ಮಾರ್ಗಸೂಚಿಯು ಜಾನೆಯ ಕ್ರಮಕ್ಕೇ ಮರಳಿದೆ: ಮೊದಲು ಸುರಕ್ಷತೆ, ಆಮೇಲೆ ಆಘಾತದ ನೆನಪುಗಳು, ಕಡೆಗೆ ಏಕೀಕರಣ. ಈ ಕಾಯಿಲೆಗೆಂದೇ ಔಷಧಿಯಿಲ್ಲ. ಜೊತೆಗಿರುವ ಖಿನ್ನತೆ, ಆತಂಕಗಳಿಗೆ ಮಾತ್ರ ಔಷಧಿಗಳು ನೆರವಾಗುತ್ತವೆ. ಪ್ರತಿಯೊಂದು ವ್ಯಕ್ತಿತ್ವವೂ ಒಬ್ಬನೇ ಮನುಷ್ಯನ ಅಂಶ, ಯಾವುದನ್ನೂ ಹೊರಗಟ್ಟುವಂತಿಲ್ಲ. ಪೂರ್ಣ ಬೆಸುಗೆ ಸಾಧ್ಯವಾಗದೆಡೆ ಅವುಗಳ ನಡುವಿನ ಸಹಕಾರವೂ ಸಫಲತೆಯೇ.

ಈ ಮಾತು ಕನ್ನಡ ನಾಡಿಗೂ ಸಲ್ಲುತ್ತದೆ. 2013ರ ಅಮೆರಿಕನ್ ಕೈಪಿಡಿಯು ‘ಮೈಮೇಲೆ ಬರುವ’ ಅನುಭವವನ್ನೂ ಈ ಕಾಯಿಲೆಯ ಲಕ್ಷಣಗಳಲ್ಲಿ ಪರಿಗಣಿಸಿತು. ಆದರೆ ಸಮಾಜ ಒಪ್ಪಿದ ಆರಾಧನೆಯ ಆವೇಶವನ್ನು ರೋಗವೆನ್ನಲಿಲ್ಲ. ನೊಂದವರ ಮೈಮೇಲೆ ಬಂದುದನ್ನು ‘ಬಿಡಿಸುವ’ ಪದ್ಧತಿ ನಮ್ಮ ಹಳ್ಳಿಗಳಿಗಷ್ಟೇ ಸೀಮಿತವೆಂದು ಭಾವಿಸಬೇಕಾಗಿಲ್ಲ. ಸ್ಯಾಲಿಯನ್ನು ಅಡಗಿಸಿದ ಬಾಸ್ಟನ್ನಿನ ವೈದ್ಯನೂ ಮಾಡಿದ್ದು ಅದನ್ನೇ.