ನಾರು ಹುಣ್ಣು ಹೋದ ಕಥೆ



ಬಾವಿಯಿಂದಲೋ ನಲ್ಲಿಯಿಂದಲೋ ನೀರು ತಂದವರು ಕೊಡದ ಬಾಯಿಗೆ ಒಂದು ಬಟ್ಟೆ ಹಾಕಿ ಸೋಸುತ್ತೀರಲ್ಲ, ಇವತ್ತು ಆ ಬಟ್ಟೆಯ ಕಥೆ ಹೇಳುತ್ತೇನೆ. ಬಟ್ಟೆಗೂ ಒಂದು ಕಥೆಯೇ ಅಂತೀರೇನೋ. ಉಂಟು. ಮದ್ದಿಲ್ಲದ, ಚುಚ್ಚುಮದ್ದಿಲ್ಲದ ಒಂದು ರೋಗ ನಮ್ಮ ದೇಶ ಬಿಟ್ಟು ಹೋದದ್ದರಲ್ಲಿ ಈ ಬಟ್ಟೆಯ ಪಾಲು ದೊಡ್ಡದು.

ನಿಮ್ಮ ಊರಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಕೇಳಿ ನೋಡಿ. ಅದರಲ್ಲೂ ಚಿತ್ರದುರ್ಗ, ರಾಯಚೂರು, ಕಲಬುರಗಿ, ವಿಜಯಪುರದ ಕಡೆಯವರಾದರೆ 'ನಾರು ಹುಣ್ಣು' ಎಂದ ಕೂಡಲೇ ಪಂಚೆ ಮೇಲಕ್ಕೆತ್ತಿ ಮೀನಖಂಡದ ಮೇಲಿನ ಕಲೆಯನ್ನು ತೋರಿಸುವವರು ಇನ್ನೂ ಸಿಕ್ಕಾರು. ಮೊದಲು ಕಾಲಿನಲ್ಲೊಂದು ಬೊಬ್ಬೆ ಏಳುತ್ತಿತ್ತು. ಬೆಂಕಿ ಇಟ್ಟ ಹಾಗೆ ಉರಿ. ಬೊಬ್ಬೆ ಒಡೆದರೆ ಒಳಗಿನಿಂದ ಬಿಳಿಯ ದಾರದ ತುದಿ ಇಣುಕುತ್ತಿತ್ತು. ಅದು ದಾರವಲ್ಲ, ನರವೂ ಅಲ್ಲ. ಎರಡು ಮೂರು ಅಡಿ ಉದ್ದದ ಹೆಣ್ಣು ಹುಳು. ನೋಡುವುದಕ್ಕೆ ನಾರಿನ ಹಾಗೆ ಇದ್ದುದರಿಂದ ನಮ್ಮ ಜನ ಅದಕ್ಕೆ ನಾರು ಎಂದರು.

ಅದನ್ನು ಹಿಡಿದು ಎಳೆಯುವ ಹಾಗಿಲ್ಲ. ಎಳೆದರೆ ತುಂಡಾಗುತ್ತದೆ, ತುಂಡಾದರೆ ಒಳಗೆ ಉಳಿದ ಭಾಗ ಕೀವಾಗಿ ಕಾಲೆಲ್ಲ ಊದಿಕೊಳ್ಳುತ್ತದೆ. ಆದ್ದರಿಂದ ಒಂದು ಸಣ್ಣ ಕಡ್ಡಿಗೆ ಹುಳುವಿನ ತುದಿಯನ್ನು ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ಸುತ್ತುತ್ತಾ ಹೋಗಬೇಕು. ವಾರಗಟ್ಟಲೆ ಇದೇ ಕೆಲಸ. ಅಷ್ಟು ದಿನ ಮನುಷ್ಯ ಎದ್ದು ಓಡಾಡುವ ಹಾಗಿಲ್ಲ. ಇನ್ನು ಈ ಹುಳು ಹೊರಬರುತ್ತಿದ್ದ ಕಾಲವನ್ನಾದರೂ ನೋಡಿ. ನಮ್ಮ ಸೀಮೆಯಲ್ಲಿ ಬೇಸಿಗೆಯಿಂದ ಮುಂಗಾರಿನ ಬಾಯಿಗೆ. ಹೊಲ ಹಸನು ಮಾಡುವ ಹೊತ್ತು, ಕೂರಿಗೆ ಹೂಡುವ ಹೊತ್ತು. ಮಳೆ ಬಿದ್ದಿದೆ, ಎತ್ತು ಕೊಟ್ಟಿಗೆಯಲ್ಲಿ ನಿಂತಿದೆ, ಯಜಮಾನ ಕಾಲು ಚಾಚಿ ಜಗಲಿಯ ಮೇಲೆ ಮಲಗಿದ್ದಾನೆ. ಹದ ತಪ್ಪಿದರೆ ಆ ವರ್ಷದ ಬೆಳೆ ಹೋಯಿತು. ಸಾವು ತರುತ್ತಿದ್ದುದು ಅಪರೂಪ, ನಿಜ. ಆದರೆ ಮನೆಯ ಕಣಜವನ್ನು ಅದು ಬರಿದು ಮಾಡುತ್ತಿತ್ತು.

ರೋಗ ಹೊಸದಲ್ಲ. ಈಜಿಪ್ಟ್ ದೇಶದ ಪುರಾತನ ಹೆಣವೊಂದರಲ್ಲಿ, ಹದಿಮೂರು ವರ್ಷದ ಆಸುಪಾಸಿನ ಹುಡುಗಿಯೊಬ್ಬಳ ದೇಹದಲ್ಲಿ, ಸುಣ್ಣಗಟ್ಟಿದ ಈ ಹುಳು ಸಿಕ್ಕಿದೆ. ಆಕೆ ಸತ್ತು ಸುಮಾರು ಮೂರು ಸಾವಿರ ವರ್ಷವಾಗಿತ್ತು. ಅರಬರು ಇದನ್ನು ಮದೀನಾ ಊರಿನ ಹೆಸರಿನಿಂದ ಕರೆದರು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಸ್ನಾಯುಕ ಎಂಬ ಹೆಸರಿದೆ. ಆದರೆ ಇದು ಮೈಯೊಳಗೆ ಹೇಗೆ ಹೊಕ್ಕಿತು ಎಂಬುದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ಕೆಲವರು ಮೈಯೊಳಗೇ ಹುಟ್ಟುವ ನರವೆಂದರು. ಕೆಲವರು ನೀರಿನಲ್ಲಿ ನಿಂತಾಗ ಚರ್ಮ ಕೊರೆದು ಹೋಗುತ್ತದೆ ಎಂದರು. ದೇವರ ಶಾಪ ಎನ್ನುವವರು ಎಲ್ಲ ದೇಶದಲ್ಲೂ ಇದ್ದೇ ಇದ್ದರು.

ಗುಟ್ಟು ಒಡೆದದ್ದು 1870ರ ಸುಮಾರಿಗೆ. ಅಲೆಕ್ಸಿ ಫೆಡ್ಚೆಂಕೋ ಎಂಬ ರಷ್ಯದ ವಿಜ್ಞಾನಿ ತುರ್ಕಿಸ್ತಾನದ ಸಮರಕಂದದ ಕಡೆ ಸಂಚಾರ ಹೋಗಿದ್ದಾಗ, ಈ ಹುಳುವಿನ ಮರಿಗಳು ನೀರಿನಲ್ಲಿರುವ ಒಂದು ಅತಿ ಸಣ್ಣ ಪ್ರಾಣಿಯ ಹೊಟ್ಟೆ ಸೇರಿ ಬೆಳೆಯುವುದನ್ನು ಕಂಡ. ಆ ಪ್ರಾಣಿಯ ಹೆಸರು ಸೈಕ್ಲಾಪ್ಸ್. ಸೀಗಡಿಯ ದೂರದ ನೆಂಟ. ಒಂದು ಮಿಲಿಮೀಟರಿನಷ್ಟು ಉದ್ದ, ಹೆಚ್ಚೆಂದರೆ ಎರಡು. ಗಾಜಿನ ಲೋಟದಲ್ಲಿ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡಿದರೆ ಬಿಳಿಯ ಚುಕ್ಕೆ ಕುಪ್ಪಳಿಸಿದ ಹಾಗೆ ಕಣ್ಣಿಗೆ ಕಾಣುತ್ತದೆ. ಫೆಡ್ಚೆಂಕೋ ಹೆಚ್ಚು ದಿನ ಬದುಕಲಿಲ್ಲ. 1873ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿ ತೀರಿಕೊಂಡ. ಮುಂದೆ 1905ರಿಂದೀಚೆಗೆ ಲೈಪರ್ ಎಂಬ ಬ್ರಿಟಿಷ್ ವೈದ್ಯ ಅಂಥ ಸೈಕ್ಲಾಪ್ಸನ್ನು ಕೋತಿಗೆ ತಿನ್ನಿಸಿ, ತಿಂಗಳುಗಳ ಮೇಲೆ ಅದರ ಮೈಯಲ್ಲಿ ಹುಳುಗಳನ್ನು ಕಂಡು, ಕುಡಿಯುವ ನೀರೇ ದಾರಿ ಎಂಬುದನ್ನು ಗಟ್ಟಿ ಮಾಡಿದ.

ಈಗ ಚಕ್ರ ಪೂರ್ತಿಯಾಯಿತು, ಕೇಳಿ. ಸೈಕ್ಲಾಪ್ಸ್ ಇರುವ ನೀರನ್ನು ನೀವು ಕುಡಿಯುತ್ತೀರಿ. ಹೊಟ್ಟೆಯ ಹುಳಿಗೆ ಸೈಕ್ಲಾಪ್ಸ್ ಸಾಯುತ್ತದೆ, ಅದರೊಳಗಿನ ಮರಿಹುಳು ಸಾಯುವುದಿಲ್ಲ. ಕರುಳು ಕೊರೆದು ಮೈಯೊಳಗೆ ಸೇರಿ, ಸುಮಾರು ಒಂದು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಆಮೇಲೆ ಕಾಲಿಗಿಳಿದು ಬೊಬ್ಬೆ ಎಬ್ಬಿಸುತ್ತದೆ. ಉರಿ ತಾಳಲಾರದೆ ಮನುಷ್ಯ ಕಾಲನ್ನು ತಣ್ಣೀರಿಗೆ ಇಳಿಬಿಡುತ್ತಾನೆ. ಹುಳು ಕಾಯುತ್ತಿರುವುದೇ ಅದಕ್ಕೆ! ನೀರು ಸೋಕಿದ ತಕ್ಷಣ ಲಕ್ಷಗಟ್ಟಲೆ ಮರಿಗಳನ್ನು ಕಕ್ಕುತ್ತದೆ. ಅವನ್ನು ಸೈಕ್ಲಾಪ್ಸ್ ತಿನ್ನುತ್ತದೆ, ಎರಡು ವಾರದಲ್ಲಿ ಮರಿಗಳು ಹದಕ್ಕೆ ಬರುತ್ತವೆ, ಆ ನೀರನ್ನು ಮತ್ತೊಬ್ಬರು ತುಂಬಿಕೊಂಡು ಹೋಗುತ್ತಾರೆ. ಹೋದ ವರ್ಷದ ಬೇಸಿಗೆಯಲ್ಲಿ ಕುಡಿದ ನೀರಿಗೆ ಈ ವರ್ಷದ ಬೇಸಿಗೆಯಲ್ಲಿ ಹುಣ್ಣು. ಇಷ್ಟು ಅಂತರ ಇದ್ದುದರಿಂದಲೇ ನೀರಿಗೂ ಹುಣ್ಣಿಗೂ ಇರುವ ಸಂಬಂಧ ನಮ್ಮ ಹಿರಿಯರ ಲೆಕ್ಕಕ್ಕೆ ಸಿಕ್ಕದೆ ಹೋಯಿತು. ಅವರನ್ನು ದಡ್ಡರೆನ್ನುವುದು ನ್ಯಾಯವಲ್ಲ.

ನಮ್ಮ ಬಯಲುಸೀಮೆಯ ಮೆಟ್ಟಿಲು ಬಾವಿಗಳು ಈ ಹುಳುವಿಗೆ ಹೇಳಿ ಮಾಡಿಸಿದ ಜಾಗಗಳಾಗಿದ್ದವು. ಕಲ್ಲಿನ ಪಾವಟಿಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ಮುಳುಗಿಸಬೇಕು. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಸೈಕ್ಲಾಪ್ಸ್ ದಟ್ಟವಾಗುತ್ತಿತ್ತು. ಅದೇ ಹೊತ್ತಿಗೆ ಹುಣ್ಣಿನ ಕಾಲುಗಳೂ ಇಳಿಯುತ್ತಿದ್ದವು. ಹಗ್ಗ ಹಾಕಿ ಸೇದುವ ಬಾವಿಯಲ್ಲಿ ಕಾಲು ನೀರಿಗೆ ಸೋಕುವುದಿಲ್ಲವಾದ್ದರಿಂದ ಅಲ್ಲಿ ಈ ಚಕ್ರ ತಿರುಗುತ್ತಿರಲಿಲ್ಲ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಬಾವಿಗಳ ಮೆಟ್ಟಿಲನ್ನು ಎಲ್ಲ ಕೇರಿಯವರಿಗೂ ತುಳಿಯಗೊಡುತ್ತಿರಲಿಲ್ಲ. ಮಡಿ ಮೈಲಿಗೆ ಎಂದು ಕಾವಲಿದ್ದ ಆ ನೀರಿನೊಳಗೇ ಹುಳು ಇದ್ದಿತು.

ಈ ವಿಷಯದಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಗೆ ಲೋಕದ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ. ಅದು ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. 1930ರ ದಶಕದಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ, ಡಾಕ್ಟರ್ ವಿ. ಎನ್. ಮೂರ್ತಿಯವರು ಆ ಜಿಲ್ಲೆಯ ನಾರು ಹುಣ್ಣಿನ ಬೆನ್ನು ಹತ್ತಿದರು. ರಾಕ್‌ಫೆಲರ್ ಸಂಸ್ಥೆಯ ಕಡೆಯಿಂದ ಬಂದಿದ್ದ ಡಬ್ಲ್ಯು. ಸಿ. ಸ್ವೀಟ್ ಅವರ ಜೊತೆಗಾರರು. ಇವರಿಬ್ಬರೂ 1936ರಲ್ಲಿ ಒಂದು ಸರಳ ಉಪಾಯವನ್ನು ಬರೆದು ಪ್ರಕಟಿಸಿದರು: ಬಾವಿಗೆ ಸೈಕ್ಲಾಪ್ಸ್ ತಿನ್ನುವ ಸಣ್ಣ ಜಾತಿಯ ಸಿಹಿನೀರಿನ ಮೀನುಗಳನ್ನು ಬಿಡುವುದು. ಮದ್ದು ಬೇಡ, ಖರ್ಚಿಲ್ಲ, ಮೀನು ತನ್ನ ಪಾಡಿಗೆ ಮೇಯುತ್ತದೆ. ನಾಯಿಗಳಿಗೂ ಈ ಹುಳು ತಗಲಬಲ್ಲದೆಂದು ಅವರು ಪ್ರಯೋಗ ಮಾಡಿ ತೋರಿಸಿದ್ದರು. ಆಗ ಅದೊಂದು ಕುತೂಹಲದ ಸಂಗತಿ, ಅಷ್ಟೆ. ಎಪ್ಪತ್ತು ಎಂಬತ್ತು ವರ್ಷಗಳ ಮೇಲೆ ಆಫ್ರಿಕದ ಚಾಡ್ ದೇಶದಲ್ಲಿ ನೂರಾರು ನಾಯಿಗಳಲ್ಲಿ ಇದೇ ಹುಳು ಕಾಣಿಸಿಕೊಂಡು, ರೋಗ ಮುಗಿಯಿತೆಂದುಕೊಂಡವರ ನಿದ್ದೆ ಕೆಡಿಸಿದಾಗ ಆ ಹಳೆಯ ಪ್ರಯೋಗದ ಬೆಲೆ ತಿಳಿಯಿತು.

ಆದರೂ ಮೀನೊಂದರಿಂದಲೇ ರೋಗ ಹೋಗಲಿಲ್ಲ. ಭಾರತ ಸರ್ಕಾರ 1983–84ರಲ್ಲಿ ದೇಶಮಟ್ಟದ ನಿರ್ಮೂಲನ ಕಾರ್ಯಕ್ರಮ ಕೈಗೊಂಡಾಗ, ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40,000 ಮಂದಿಗೆ ಈ ಹುಣ್ಣು ಇದ್ದಿತು. ಮಾಡಿದ ಕೆಲಸವೆಲ್ಲ ಸಾಮಾನ್ಯವಾದದ್ದೇ. ಹಳ್ಳಿ ಹಳ್ಳಿ ತಿರುಗಿ ಹುಣ್ಣಿನವರನ್ನು ಗುರುತಿಸಿದರು. ಮೆಟ್ಟಿಲು ಬಾವಿಗಳನ್ನು ಮುಚ್ಚಿದರು, ಇಲ್ಲವೇ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು. ಕೊಳವೆ ಬಾವಿ ಕೊರೆದು ಕೈಪಂಪು ನಿಲ್ಲಿಸಿದರು. ಉಳಿದ ನೀರಿಗೆ ಟೆಮೆಫಾಸ್ ಎಂಬ ಔಷಧಿಯನ್ನು ಅಳತೆಯಿಂದ ಹಾಕಿದರು. ಹುಣ್ಣಿಗೆ ಕಟ್ಟು ಕಟ್ಟಿ, 'ಈ ಕಾಲು ನೀರಿಗಿಳಿಸಬೇಡಪ್ಪಾ' ಎಂದು ಹೇಳಿದರು. ಮನೆಮನೆಗೂ ಸೋಸುವ ಬಟ್ಟೆ ಕೊಟ್ಟು, ಕುಡಿಯುವ ನೀರನ್ನೆಲ್ಲ ಅದರಲ್ಲಿ ಸೋಸಿರೆಂದರು.

ಬಾವಿ ಮುಚ್ಚಲು ಒಪ್ಪದ ಊರುಗಳಿದ್ದವು. ಮುತ್ತಜ್ಜ ಕಟ್ಟಿಸಿದ್ದು, ಗಂಗಮ್ಮನ ಪೂಜೆ ನಡೆಯುವುದು, ಅದರ ನೀರಿನ ರುಚಿ ಪಂಪಿನ ನೀರಿಗಿಲ್ಲ—ಇವು ಸುಮ್ಮನೆ ತಳ್ಳಿಹಾಕುವ ಮಾತುಗಳಲ್ಲ. ಔಷಧಿ ಬಿದ್ದರೆ ನೀರು ಕೆಟ್ಟಿತೆಂದು ಹೆದರಿದವರೂ ಇದ್ದರು. ಆದರೆ ಬಟ್ಟೆಗೆ ಯಾರ ತಕರಾರೂ ಹೆಚ್ಚಾಗಿ ಬರುವ ಹಾಗಿರಲಿಲ್ಲ. ನೀರು ಸೋಸುವುದು ನಮಗೆ ಹೊಸದಲ್ಲವಲ್ಲ! ಜೈನರ ಮನೆಗಳಲ್ಲಿ ಸೋಸದ ನೀರನ್ನು ಮುಟ್ಟುವುದೇ ಇಲ್ಲ. ತಮಾಷೆಯೆಂದರೆ ಅವರು ಸೋಸುವುದು ತಮ್ಮ ಆರೋಗ್ಯಕ್ಕಲ್ಲ, ನೀರಿನ ಜೀವಿಗಳ ಮೇಲಿನ ದಯೆಯಿಂದ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಜೋಪಾನವಾಗಿ ಅದೇ ಬಾವಿಗೆ ಮರಳಿ ಬಿಡುವುದು ಅವರ ಪದ್ಧತಿ. ಅಂತೂ ಸೈಕ್ಲಾಪ್ಸ್ ಬಾವಿಯಲ್ಲಿ ಬದುಕಿಕೊಂಡಿತು, ಇವರು ಮನೆಯಲ್ಲಿ ಬದುಕಿಕೊಂಡರು.

1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿ ಕಾಣಿಸಿಕೊಂಡ. ಅಲ್ಲಿಂದ ಮುಂದೆ ಒಬ್ಬರೂ ಇಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವನ್ನು ನಾರು ಹುಣ್ಣಿಲ್ಲದ ದೇಶವೆಂದು ಪ್ರಮಾಣಪತ್ರ ಕೊಟ್ಟರು. 1986ರಲ್ಲಿ ಲೋಕದಲ್ಲೆಲ್ಲ ಸುಮಾರು 35 ಲಕ್ಷ ಮಂದಿಗೆ ಇದ್ದ ಈ ರೋಗ, 2021ರಿಂದ 2024ರವರೆಗಿನ ಯಾವ ವರ್ಷದಲ್ಲೂ ಹದಿನೈದು ಜನರನ್ನು ದಾಟಲಿಲ್ಲ.

ಹಾಗಾದರೆ ಬಟ್ಟೆಯಲ್ಲಿ ಸೋಸಿಬಿಟ್ಟರೆ ನೀರು ಶುದ್ಧವಾಯಿತೇ ಎಂದು ಕೇಳುವಿರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಬಟ್ಟೆಯ ಕಣ್ಣಿಗಿಂತ ದೊಡ್ಡದು ಮಾತ್ರ ಬಟ್ಟೆಯಲ್ಲಿ ನಿಲ್ಲುತ್ತದೆ. ಸೈಕ್ಲಾಪ್ಸ್ ನಿಲ್ಲುತ್ತದೆ. ಕಾಲರಾ, ವಿಷಮಶೀತ ಜ್ವರ, ಆಮಶಂಕೆಯ ರೋಗಾಣುಗಳು ಅದರ ಸಾವಿರದ ಒಂದು ಪಾಲಿನಷ್ಟು ಸಣ್ಣವು, ನುಸುಳಿಹೋಗುತ್ತವೆ. ಆದರೂ ಬಂಗ್ಲಾದೇಶದ ಮತ್ಲಬ್ ಎಂಬಲ್ಲಿ ಒಂದು ಸೋಜಿಗ ಕಂಡಿತು. ರೀಟಾ ಕಾಲ್ವೆಲ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು 65 ಹಳ್ಳಿಗಳಲ್ಲಿ ಪ್ರಯೋಗ ನಡೆಸಿ, ಹಳೆಯ ಹತ್ತಿ ಸೀರೆಯನ್ನು ನಾಲ್ಕು ಬಾರಿ ಮಡಿಸಿ ಕೆರೆಕುಂಟೆಯ ನೀರನ್ನು ಸೋಸಿದ ಮನೆಗಳಲ್ಲಿ ಕಾಲರಾ ಶೇಕಡ 48ರಷ್ಟು ಕಡಿಮೆಯಾಯಿತೆಂದು 2003ರಲ್ಲಿ ಪ್ರಕಟಿಸಿದರು. ಕಾರಣವೇನೆಂದರೆ, ಕಾಲರಾದ ಅಣುಗಳು ಬಹುಮಟ್ಟಿಗೆ ಇದೇ ಸೈಕ್ಲಾಪ್ಸ್ ಜಾತಿಯ ಪ್ರಾಣಿಗಳ ಮೈಗೆ ಅಂಟಿಕೊಂಡಿರುತ್ತವೆ. ಗಾಡಿ ನಿಂತರೆ ಒಳಗೆ ಕೂತವರೂ ನಿಂತ ಹಾಗಾಯಿತು. ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ನೂಲು ಬಿಚ್ಚಿಕೊಂಡು ಬಟ್ಟೆಯ ಕಣ್ಣು ಕಿರಿದಾಗಿರುತ್ತದೆ. ಸೋಸಿದ ಮೇಲೆ ಬಟ್ಟೆಯನ್ನು ಜಾಲಿಸಿ ಬಿಸಿಲಿಗೆ ಹಾಕಬೇಕು. ನಾಳೆ ಮತ್ತೆ ಅದೇ ಮಗ್ಗುಲು ಮೇಲಿರಲಿ. ತಿರುಗಿಸಿದರೆ ನಿನ್ನೆಯ ಕೊಳೆ ಇವತ್ತಿನ ಕೊಡಕ್ಕೆ ಇಳಿಯುತ್ತದೆ.

ಅರ್ಧ ಕಡಿಮೆಯಾಯಿತೆಂದರೆ ಇನ್ನರ್ಧ ಉಳಿಯಿತು. ಅದಕ್ಕೆ ಕಾಯಿಸುವುದೇ ಗಟ್ಟಿ ದಾರಿ. ಸೋಸಿದ ನೀರು ಕುದಿ ಬಂದು ಒಂದು ನಿಮಿಷ ಮರಳಲಿ, ಸಾಕು. ಮುಚ್ಚಿಟ್ಟು, ಕೈ ಅದ್ದದೆ, ಹಿಡಿಯಿರುವ ಸೌಟಿನಿಂದ ತೆಗೆಯಿರಿ. ಸೌದೆಗೆ ತೊಂದರೆಯಿರುವ ಮನೆಯವರು ತಿಳಿನೀರನ್ನು ಎರಡು ಲೀಟರಿಗೆ ಮೀರದ ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಮಾಳಿಗೆಯ ಮೇಲೆ ಆರು ಗಂಟೆ ಬಿರುಬಿಸಿಲಿಗೆ ಮಲಗಿಸಿಡಬಹುದು. ಮೋಡವಿದ್ದರೆ ಎರಡು ದಿನ. ಬೆರೂತ್ ನಗರದಲ್ಲಿ ಆಫ್ತಿಮ್ ಆಕ್ರಾ ಎಂಬುವರು 1980ರ ಹೊತ್ತಿಗೆ ಪರೀಕ್ಷಿಸಿ ಹೇಳಿದ ಕ್ರಮವಿದು. ಬಗ್ಗಡ ನೀರಾದರೆ ಬಿಸಿಲು ಒಳಗೆ ಇಳಿಯುವುದಿಲ್ಲ. ಮೊದಲು ಪಟಿಕವಾಡಿಸಿ ತಿಳಿಯಾಗಲು ಬಿಡಬೇಕು. ಹಿಂದೆ ಗಡಿಗೆಯ ಒಳಮೈಗೆ ಚಿಲ್ಲದ ಬೀಜವನ್ನು ತೇಯುತ್ತಿದ್ದುದೂ ಇದಕ್ಕೇ. ಪಟಿಕವಾಗಲಿ ಬೀಜವಾಗಲಿ ಕೆಸರನ್ನು ತಳಕ್ಕೆ ಕೂರಿಸುತ್ತದೆಯೇ ಹೊರತು, ಅದೊಂದನ್ನೇ ನಂಬಿ ನೀರು ಕುಡಿಯುವಂತಿಲ್ಲ.

ಇನ್ನೊಂದು ಸಂಗತಿ ಉಳಿದಿದೆ, ಅದು ಅಷ್ಟು ಸಿಹಿಯಲ್ಲ. ಮೆಟ್ಟಿಲು ಬಾವಿ ಮುಚ್ಚಿ ಕೊಳವೆ ಬಾವಿಗೆ ಹೋದೆವು. ನಾರು ಹುಣ್ಣು ಹೋಯಿತು. ಆದರೆ ಆಳದ ಕಲ್ಲಿನೊಳಗಿನಿಂದ ಬಂದ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಇತ್ತು. ಪಾವಗಡದಲ್ಲಿ, ಮುಂಡರಗಿಯಲ್ಲಿ, ಅದೇ ಚಿತ್ರದುರ್ಗದ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದನ್ನು, ದೊಡ್ಡವರ ಕೀಲು ಬಿಗಿದು ಬೆನ್ನು ಬಾಗಿದ್ದನ್ನು ನೀವು ಕಂಡಿರಬಹುದು. ಇದು ಜೀವಿಯಲ್ಲ, ಕರಗಿದ ಉಪ್ಪಿನಂಥದು. ಸೀರೆ ಎಂಟು ಪದರ ಮಡಿಸಿದರೂ ನಿಲ್ಲುವುದಿಲ್ಲ. ಕಾಯಿಸಿದರೆ ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಲೀಟರು ನೀರಿನಲ್ಲಿ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ಅದನ್ನು ಕುಡಿಯಲು, ಅಡಿಗೆಗೆ ಬಳಸಬಾರದು. ನೋಡಲು ತಿಳಿ, ಬಾಯಿಗೆ ರುಚಿ; ಕಣ್ಣಿಗಾಗಲಿ ನಾಲಿಗೆಗಾಗಲಿ ಗೊತ್ತಾಗುವುದಿಲ್ಲ. ಪಂಚಾಯತಿಯವರನ್ನು ಕೇಳಿ ನಿಮ್ಮ ಊರಿನ ಪ್ರತಿಯೊಂದು ಬೋರಿನ ನೀರನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಿ, ಯಾವುದರಲ್ಲಿ ಎಷ್ಟಿದೆಯೆಂದು ಬರೆಸಿಕೊಳ್ಳಿ. ಒಂದೇ ಊರಿನ ಎರಡು ಬೋರುಗಳಲ್ಲಿ ಒಂದು ಕೆಟ್ಟದ್ದಾಗಿದ್ದು, ಇನ್ನೊಂದು ಚೆನ್ನಾಗಿರುವುದೂ ಉಂಟು. ಹಾಗಿದ್ದರೆ ಕೆಟ್ಟದ್ದು ಬಟ್ಟೆ ಒಗೆಯಲು, ಮನೆ ಸಾರಿಸಲು ಇರಲಿ. ಒಳ್ಳೆಯದರಿಂದ ಕುಡಿಯುವ ಕೊಡ ತುಂಬಲಿ. ಮಾಳಿಗೆಯ ಮೇಲೆ ಬಿದ್ದ ಮಳೆನೀರಿನಲ್ಲಿ ಈ ಫ್ಲೋರೈಡಿನ ಕಾಟವಿಲ್ಲ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಮುಚ್ಚಿದ ತೊಟ್ಟಿಗೆ ಹಿಡಿಯಿರಿ. ತೊಟ್ಟಿಯ ಬಾಯಿಗೆ ಅದೇ ಹಳೆಯ ಸೀರೆಯನ್ನು ಕಟ್ಟಬಹುದು. ಆದರೆ ಕುಡಿಯುವ ಮೊದಲು ಆ ನೀರನ್ನೂ ಕಾಯಿಸಬೇಕು.