ಬರೆದುಕೊಟ್ಟ ಮಾತು: ಐರ್ಲೆಂಡಿನ ಮನೆಸಾಲಗಳ ಒಂದು ಇತಿಹಾಸ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಕಾಲದಲ್ಲಿ ಮನೆ ಕಟ್ಟುವವನು ಮೊದಲು ಹಣ ಕೂಡಿಸಿ ಆಮೇಲೆ ತಳಪಾಯ ತೋಡುತ್ತಿದ್ದನು. ಈಗಿನ ಪರಿಪಾಟಿ ತಿರುಗುಮುರುಗು. ಮೊದಲು ಮನೆ, ಆಮೇಲೆ ಇಪ್ಪತ್ತು ವರ್ಷಗಳ ಕಂತು. ನಾಡನ್ನು ಬಿಟ್ಟು ದೊಡ್ಡ ಪಟ್ಟಣಗಳಲ್ಲಿ ನೆಲೆಸಿರುವ ನಮ್ಮಂಥವರಿಗಂತೂ ಸಾಲವಿಲ್ಲದೆ ಸ್ವಂತ ಸೂರು ದೊರೆಯುವುದು ದುರ್ಲಭವೇ ಸರಿ. ಸಾಮಾನ್ಯ ಸಂಸಾರಸ್ಥನು ಜೀವಮಾನದಲ್ಲಿ ರುಜು ಹಾಕುವ ಕರಾರುಗಳಲ್ಲಿ ಇಷ್ಟು ದೀರ್ಘವಾದುದೂ ಇಷ್ಟು ಕಡಮೆ ಓದಲ್ಪಡುವುದೂ ಮತ್ತೊಂದಿಲ್ಲ.

ಬ್ಯಾಂಕೊಂದು ಯಾವುದೋ ಒಂದು ಬಗೆಯ ಮನೆಸಾಲವನ್ನು ಕೊಡುವುದನ್ನೇ ನಿಲ್ಲಿಸಿತೆಂದು ಭಾವಿಸೋಣ. ಇನ್ನು ಮುಂದೆ ಬರುವವರಿಗೆ ಅದು ದೊರೆಯುವುದಿಲ್ಲ; ಅದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಆ ಸಾಲದ ಹಕ್ಕನ್ನು ಮೊದಲೇ ಕಾಗದದಲ್ಲಿ ಬರೆಯಿಸಿಕೊಂಡಿದ್ದವರ ಗತಿಯೇನು? ಈ ಪ್ರಶ್ನೆಯು ಐರ್ಲೆಂಡ್ ದೇಶವನ್ನು ಹತ್ತು ವರ್ಷಗಳಿಗೂ ಮೀರಿ ಕಾಡಿತು. ಅಲ್ಲಿ ದೊರೆತ ಉತ್ತರವು ಸಾಲ ಕೊಡುವವರೂ ತೆಗೆದುಕೊಳ್ಳುವವರೂ ತಿಳಿದಿರಬೇಕಾದುದು. ಆದುದರಿಂದ ಅದರ ಕಥನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಸಾಲದ ಸ್ವರೂಪವನ್ನು ಅರಿಯಬೇಕು. ಯೂರೋ ನಾಣ್ಯವನ್ನು ಬಳಸುವ ದೇಶಗಳಿಗೆಲ್ಲ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿರುವ ಯೂರೋಪಿನ ಕೇಂದ್ರ ಬ್ಯಾಂಕು ಮೂಲ ಬಡ್ಡಿದರವನ್ನು ಗೊತ್ತುಮಾಡುತ್ತದೆ. ಆ ದರಕ್ಕೆ ಇಂತಿಷ್ಟು ಶೇಕಡಾವನ್ನು ಸೇರಿಸಿ, ಸಾಲ ತೀರುವವರೆಗೂ ಆ ಸೇರಿಕೆಯನ್ನು ಬದಲಿಸುವುದಿಲ್ಲವೆಂದು ಬರೆದುಕೊಟ್ಟರೆ ಅದು ಟ್ರ್ಯಾಕರ್ ಸಾಲ. ಮೂಲ ದರವು ಏರಿದರೆ ಕಂತೂ ಏರುವುದು. ಇಳಿದರೆ ಕಂತೂ ಇಳಿಯುವುದು. ನಡುವೆ ಬ್ಯಾಂಕಿನ ಇಷ್ಟಾನಿಷ್ಟಗಳಿಗೆ ಎಡೆಯಿಲ್ಲ. ಇದಲ್ಲದೆ ಬ್ಯಾಂಕೇ ತನ್ನ ವಿವೇಚನೆಯಿಂದ ಏರಿಳಿಸುವ ದರದ ಸಾಲವೂ, ಎರಡು ಮೂರು ವರ್ಷಗಳವರೆಗೆ ಅಲುಗದ ಸ್ಥಿರ ದರದ ಸಾಲವೂ ಅಲ್ಲಿ ರೂಢಿಯಲ್ಲಿದ್ದುವು. ಮನೆಗಳ ಬೆಲೆ ದಿನದಿನಕ್ಕೆ ಏರುತ್ತಿದ್ದ ಆ ವರ್ಷಗಳಲ್ಲಿ ಬ್ಯಾಂಕುಗಳು ಪೈಪೋಟಿಯಿಂದ ಟ್ರ್ಯಾಕರ್ ಸಾಲಗಳನ್ನು ಹಂಚಿದುವು.

2005ರ ಡಿಸೆಂಬರ್‌ವರೆಗೆ ಶೇಕಡಾ 2ರಷ್ಟಿದ್ದ ಮೂಲ ದರವು 2008ರ ಜುಲೈ ವೇಳೆಗೆ ಶೇಕಡಾ 4.25ಕ್ಕೆ ಮುಟ್ಟಿತು. ಕಂತು ಏರುವುದನ್ನು ಕಂಡು ಹೆದರಿದ ಅನೇಕರು ಕೆಲವು ವರ್ಷಗಳ ಮಟ್ಟಿಗೆ ಸ್ಥಿರ ದರಕ್ಕೆ ಸರಿದರು. ಅವಧಿ ಮುಗಿದ ಬಳಿಕ ಟ್ರ್ಯಾಕರ್ ದರಕ್ಕೆ ಮರಳಬಹುದೆಂಬ ಷರತ್ತು ಹಲವರ ಕಾಗದಪತ್ರಗಳಲ್ಲಿ ಇದ್ದಿತು. ಕೆಲವರ ಕಾಗದಗಳಲ್ಲಿ ಅದು ಸ್ಪಷ್ಟವಾಗಿದ್ದಿತು. ಕೆಲವರಲ್ಲಿ ಎರಡು ಅರ್ಥ ಬರುವಂತೆ ಇದ್ದಿತು. ಮುಂದಿನ ವ್ಯಾಜ್ಯಕ್ಕೆಲ್ಲ ಮೂಲವು ಇದೇ.

2008ರ ಸೆಪ್ಟೆಂಬರಿನಲ್ಲಿ ಜಗತ್ತಿನ ಹಣಕಾಸು ವ್ಯವಸ್ಥೆಯೇ ಅಲ್ಲಾಡಿತು. ಐರ್ಲೆಂಡಿನ ಸರಕಾರವು ಆ ತಿಂಗಳ ಕೊನೆಯಲ್ಲಿ ತನ್ನ ಬ್ಯಾಂಕುಗಳ ಹೊಣೆಗೆ ಖಾತರಿ ನಿಲ್ಲಬೇಕಾಯಿತು. ಮುಂದೆ ಆ ಬ್ಯಾಂಕುಗಳನ್ನು ಉಳಿಸಲು ಜನರ ತೆರಿಗೆಯ ಬೊಕ್ಕಸದಿಂದ ಸುಮಾರು 6,400 ಕೋಟಿ ಯೂರೋ ಸುರಿಯಬೇಕಾಯಿತು. ಇತ್ತ ಕೇಂದ್ರ ಬ್ಯಾಂಕು ಮೂಲ ದರವನ್ನು ಸರಸರನೆ ಇಳಿಸಿ 2009ರ ಮೇ ತಿಂಗಳಲ್ಲಿ ಶೇಕಡಾ 1ಕ್ಕೆ ತಂದಿತು. ಅತ್ತ ಬ್ಯಾಂಕುಗಳಿಗೆ ಪೇಟೆಯಲ್ಲಿ ಹಣ ಹುಟ್ಟಬೇಕಾದರೆ ಅದಕ್ಕಿಂತ ಬಹಳ ಹೆಚ್ಚಿನ ಬಡ್ಡಿ ತೆರಬೇಕಾಗಿದ್ದಿತು. ಹೆಚ್ಚಿಗೆ ತೆತ್ತು ತಂದ ಹಣವನ್ನು ಕಡಮೆಗೆ ಕೊಟ್ಟು ಕೂತರೆ ಯಾವ ಅಂಗಡಿಯೂ ಉಳಿಯದು. ಆದುದರಿಂದ 2008ರಲ್ಲಿ ಬ್ಯಾಂಕುಗಳು ಒಂದರ ಹಿಂದೊಂದು ಹೊಸ ಟ್ರ್ಯಾಕರ್ ಸಾಲಗಳನ್ನು ನಿಲ್ಲಿಸಿಬಿಟ್ಟುವು.

ಇಲ್ಲಿಯವರೆಗೆ ಬ್ಯಾಂಕುಗಳ ಮೇಲೆ ತಪ್ಪು ಹೊರಿಸಲಾಗದು. ತಪ್ಪು ನಡೆದುದು ಮುಂದಿನ ಹೆಜ್ಜೆಯಲ್ಲಿ. ಸ್ಥಿರ ದರದ ಅವಧಿ ಮುಗಿಸಿ ಮರಳಿ ಬಂದವರಿಗೆ, ಆ ಸಾಲ ಈಗ ಇಲ್ಲ ಎಂಬ ಉತ್ತರ ದೊರೆಯಿತು. ಹೊಸಬರಿಗೆ ಹೇಳಬೇಕಾದ ಮಾತನ್ನು ಹಳಬರಿಗೂ ಹೇಳಿದರು. ಮತ್ತೆ ಕೆಲವರನ್ನು ಟ್ರ್ಯಾಕರ್ ಸಾಲದಲ್ಲಿಯೇ ಇರಿಸಿಕೊಂಡರೂ ಕರಾರಿಗಿಂತ ಹೆಚ್ಚಿನ ಸೇರಿಕೆಯನ್ನು ವಿಧಿಸಿದರು.

ಇದರಿಂದ ಆದ ನಷ್ಟವೆಷ್ಟು? ಲೆಕ್ಕದ ಸೌಕರ್ಯಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಾಕಿ 2 ಲಕ್ಷ ಯೂರೋ. ಮೂಲ ದರ ಶೇಕಡಾ 1. ಕರಾರಿನ ಸೇರಿಕೆ ಶೇಕಡಾ 1. ಒಟ್ಟು ಶೇಕಡಾ 2ರಂತೆ ವರ್ಷದ ಬಡ್ಡಿ 4,000 ಯೂರೋ. ಅದೇ ಸಾಲಕ್ಕೆ ಬ್ಯಾಂಕು ತನ್ನ ದರವೆಂದು ಶೇಕಡಾ 4 ಹಾಕಿದರೆ ಬಡ್ಡಿ 8,000. ತಿಂಗಳಿಗೆ 300 ಯೂರೋಗಳಿಗೂ ಮೀರಿದ ಹೊರೆ! ನೌಕರಿಗಳು ಹೋಗಿ ಸಂಬಳಗಳು ಕಡಿತಗೊಂಡಿದ್ದ ಕಾಲದಲ್ಲಿ ಈ ಹಣವೇ ಕಂತು ಕಟ್ಟುವವನಿಗೂ ಬಾಕಿ ಬಿದ್ದವನಿಗೂ ನಡುವಿನ ಅಂತರವಾಗಿದ್ದಿತು.

ಬಿಡಿಬಿಡಿಯಾಗಿ ಕೆಲವರು ಪ್ರತಿಭಟಿಸಿದರು. ಅಂಥ ತಕರಾರುಗಳನ್ನು ವಿಚಾರಿಸಲು ಅಲ್ಲಿ ಹಣಕಾಸು ಸೇವೆಗಳ ಒಂಬುಡ್ಸ್‌ಮನ್ ಎಂಬ ಅಧಿಕಾರಿಯಿದ್ದನು. ಪರ್ಮನೆಂಟ್ ಟಿ.ಎಸ್.ಬಿ. ಎಂಬ ಬ್ಯಾಂಕಿನ ಕೆಲವು ಸಾಲಗಾರರ ಪ್ರಕರಣಗಳು ಆತನಿಂದ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಏರಿದುವು. 2015ರ ಫೆಬ್ರವರಿಯಲ್ಲಿ ಬ್ಯಾಂಕು ತನ್ನ ಅಪೀಲನ್ನು ತಾನೇ ಹಿಂತೆಗೆದುಕೊಂಡಿತು. ಅದೇ ವರ್ಷದ ಜುಲೈಯಲ್ಲಿ ತನ್ನ ಮತ್ತು ತನ್ನ ಅಂಗಸಂಸ್ಥೆ ಸ್ಪ್ರಿಂಗ್‌ಬೋರ್ಡಿನ 1,372 ಖಾತೆಗಳಲ್ಲಿ ತಪ್ಪಾಗಿದೆಯೆಂದು ಒಪ್ಪಿ ಪರಿಹಾರವನ್ನು ಪ್ರಕಟಿಸಿತು.

ಒಂದು ಬ್ಯಾಂಕಿನಲ್ಲಿ ಇಷ್ಟು ಖಾತೆಗಳಾದರೆ ಉಳಿದವುಗಳಲ್ಲಿ ಎಷ್ಟಿರಬಹುದು? ಐರ್ಲೆಂಡಿನ ಸೆಂಟ್ರಲ್ ಬ್ಯಾಂಕು 2015ರ ಕೊನೆಯಲ್ಲಿ ಸಾಲ ಕೊಟ್ಟ ಸಂಸ್ಥೆಗಳೆಲ್ಲವೂ ತಮ್ಮ ಹಳೆಯ ಕಡತಗಳನ್ನು ತೆರೆದು ನೋಡಬೇಕೆಂದು ಅಪ್ಪಣೆ ಮಾಡಿತು. 15 ಸಂಸ್ಥೆಗಳ 20 ಲಕ್ಷಕ್ಕೂ ಮೀರಿದ ಖಾತೆಗಳು ಈ ಪರಿಶೀಲನೆಗೆ ಒಳಗಾದುವು. ಗಿರಾಕಿಯು ಬಂದು ದೂರು ಕೊಡಲಿ ಎಂದು ಕಾಯದೆ, ಬ್ಯಾಂಕೇ ತನ್ನ ತಪ್ಪನ್ನು ಹುಡುಕಬೇಕೆಂಬುದು ಇದರ ವಿಶೇಷ. ಕರಾರಿನ ಅಕ್ಷರವನ್ನು ಮಾತ್ರವಲ್ಲ, ಗಿರಾಕಿಗೆ ವಿಷಯವನ್ನು ಅರ್ಥವಾಗುವಂತೆ ತಿಳಿಸಿದ್ದಿತೇ ಎಂಬುದನ್ನೂ ನೋಡಬೇಕಾಗಿದ್ದಿತು.

ಪರಿಹಾರದ ಕ್ರಮವನ್ನೂ ಸೆಂಟ್ರಲ್ ಬ್ಯಾಂಕು ಗೊತ್ತುಮಾಡಿತು. ಮೊದಲನೆಯದಾಗಿ, ಹೆಚ್ಚಿನ ಬಡ್ಡಿ ವಸೂಲಿಯನ್ನು ಕೂಡಲೆ ನಿಲ್ಲಿಸಬೇಕು. ಎರಡನೆಯದಾಗಿ, ತಪ್ಪೇ ನಡೆಯದಿದ್ದರೆ ಖಾತೆಯು ಎಲ್ಲಿರುತ್ತಿದ್ದಿತೋ ಅಲ್ಲಿಗೆ ಅದನ್ನು ತಂದು, ಹೆಚ್ಚಿಗೆ ತೆಗೆದುಕೊಂಡುದನ್ನು ಹಿಂದಿರುಗಿಸಬೇಕು. ಮೂರನೆಯದಾಗಿ, ಅನುಭವಿಸಿದ ಕಷ್ಟಕ್ಕೆ ಪ್ರತ್ಯೇಕವಾಗಿ ಪರಿಹಾರ ಕೊಡಬೇಕು. ನಾಲ್ಕನೆಯದಾಗಿ, ಗಿರಾಕಿಯು ಬೇರೆ ತಜ್ಞರ ಸಲಹೆ ಪಡೆಯಲು ಹಣ ಕೊಡಬೇಕು. ಇಷ್ಟಾದರೂ ಒಪ್ಪದವನಿಗೆ ಸ್ವತಂತ್ರ ಮಂಡಲಿಯ ಮುಂದೆ ಮೇಲ್ಮನವಿಯ ಅವಕಾಶವಿರಬೇಕು. ಲೆಕ್ಕದ ಪುಸ್ತಕದ ಮುಂದೆ ಕೂತು ದುಡಿಯುವ ನನ್ನಂಥವನಿಗೆ ಇವುಗಳಲ್ಲಿ ಎರಡನೆಯದು ತೀರ ಪರಿಚಿತ. ತಪ್ಪು ಜಮೆಯನ್ನು ತಿದ್ದುವ ಕೆಲಸವೇ ಅದು. ಮೂರನೆಯದಕ್ಕೆ ಮಾತ್ರ ಯಾವ ಕೋಷ್ಟಕವೂ ಸಾಲದು.

ಕೆಲಸವು ಆಮೆಯ ನಡಿಗೆಯಲ್ಲಿ ಸಾಗಿತು. 2017ರ ಅಕ್ಟೋಬರಿನಲ್ಲಿ ನೊಂದ ಕೆಲವರು ಪಾರ್ಲಿಮೆಂಟಿನ ಹಣಕಾಸು ಸಮಿತಿಯ ಮುಂದೆ ಬಂದು ತಮ್ಮ ಸಂಸಾರದ ಪಾಡನ್ನು ಹೇಳಿಕೊಂಡರು. ಅಂಕಿಗಳಿಂದ ಆಗದ ಕೆಲಸವು ಆ ಸಾಕ್ಷ್ಯದಿಂದ ಆಯಿತೆನ್ನಬಹುದು. ದೇಶವೇ ಕೆರಳಿತು, ಹಣಕಾಸು ಮಂತ್ರಿ ಪಾಸ್ಕಲ್ ಡಾನಹೂ ಅವರು ಬ್ಯಾಂಕುಗಳ ಮುಖ್ಯಸ್ಥರನ್ನು ಕರೆಯಿಸಿ ಮಾತನಾಡಿದರು. ಅನಂತರ ಬ್ಯಾಂಕುಗಳು ಒಪ್ಪಿಕೊಂಡ ಖಾತೆಗಳ ಸಂಖ್ಯೆಯು ಏರತೊಡಗಿತು. 2019ರ ಜುಲೈಯಲ್ಲಿ ಸೆಂಟ್ರಲ್ ಬ್ಯಾಂಕು ಅಂತಿಮ ವರದಿಯನ್ನು ಹೊರಡಿಸಿದಾಗ ಬಾಧಿತರಾದವರು ಸುಮಾರು 40,100. ಅವರಿಗೆ ಸಂದಾಯವಾದ ಹಣ 68 ಕೋಟಿ 30 ಲಕ್ಷ ಯೂರೋ.

ಆದರೂ ಒಂದು ಗುಂಪಿನ ವಿವಾದವು ಉಳಿದಿದ್ದಿತು. ಎ.ಐ.ಬಿ. ಎಂಬ ದೊಡ್ಡ ಬ್ಯಾಂಕಿನ ಸುಮಾರು 5,900 ಸಾಲಗಾರರ ಕಾಗದಗಳಲ್ಲಿ, ಆಗ ಚಾಲ್ತಿಯಲ್ಲಿರುವ ಟ್ರ್ಯಾಕರ್ ದರವನ್ನು ಕೊಡಲಾಗುವುದು ಎಂಬರ್ಥದ ಮಾತಿದ್ದಿತು. ಆ ಸಾಲವೇ ನಿಂತುಹೋದುದರಿಂದ ಚಾಲ್ತಿಯಲ್ಲಿ ಯಾವ ದರವೂ ಇರಲಿಲ್ಲ. ಇದ್ದಿದ್ದರೂ ಅದು ತೀರ ಹೆಚ್ಚಾಗಿರುತ್ತಿದ್ದಿತು. ಆದುದರಿಂದ ಯಾರಿಗೂ ನಷ್ಟವಾಗಿಲ್ಲ ಎಂಬುದು ಬ್ಯಾಂಕಿನ ವಾದ. ತಿಳಿಸುವುದರಲ್ಲಿ ಲೋಪವಾಯಿತೆಂದು ತಲಾ 1,000 ಯೂರೋವನ್ನೂ ಸಲಹೆಯ ಖರ್ಚಿಗೆ 615 ಯೂರೋವನ್ನೂ ಕೊಟ್ಟು ಕೈತೊಳೆದುಕೊಂಡಿತು. 2020ರಲ್ಲಿ ಒಂಬುಡ್ಸ್‌ಮನ್ ಒಬ್ಬ ದೂರುದಾರನ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ಆ ತೀರ್ಪಿನ ಬಳಿಕ ಬ್ಯಾಂಕು ಆ ಗುಂಪಿನವರೆಲ್ಲರಿಗೂ ಸಾಲದ ಬಾಕಿಯ ಶೇಕಡಾ 12ರಷ್ಟನ್ನು ಬಿಟ್ಟುಕೊಡಲು ಒಪ್ಪಿತು. ಸಾವಿರದ ಲೆಕ್ಕವು ಹತ್ತಾರು ಸಾವಿರಕ್ಕೆ ಏರಿತು. ಕಾಗದದಲ್ಲಿದ್ದ ಅಕ್ಷರಗಳು ಮಾತ್ರ ಅವೇ!

ಪರಿಹಾರವಲ್ಲದೆ ದಂಡವೂ ಬಿದ್ದಿತು. 2016ರಲ್ಲಿ ಸ್ಪ್ರಿಂಗ್‌ಬೋರ್ಡಿಗೆ 45 ಲಕ್ಷ ಯೂರೋ. 2019ರಲ್ಲಿ ಪರ್ಮನೆಂಟ್ ಟಿ.ಎಸ್.ಬಿ.ಗೆ 2 ಕೋಟಿ 10 ಲಕ್ಷ, 2020ರಲ್ಲಿ ಕೆ.ಬಿ.ಸಿ.ಗೆ 1 ಕೋಟಿ 83 ಲಕ್ಷ, 2021ರಲ್ಲಿ ಅಲ್ಸ್ಟರ್ ಬ್ಯಾಂಕಿಗೆ 3 ಕೋಟಿ 78 ಲಕ್ಷ, 2022ರಲ್ಲಿ ಎ.ಐ.ಬಿ.ಗೂ ಅದರ ಅಂಗವಾದ ಇ.ಬಿ.ಎಸ್.ಗೂ ಕೂಡಿ 9 ಕೋಟಿ 67 ಲಕ್ಷ; ಅದೇ ವರ್ಷ ಬ್ಯಾಂಕ್ ಆಫ್ ಐರ್ಲೆಂಡಿಗೆ 10 ಕೋಟಿಗೂ ಮಿಕ್ಕಿ. ಒಟ್ಟು ಸುಮಾರು 27 ಕೋಟಿ 90 ಲಕ್ಷ ಯೂರೋ. ಈ ದಂಡವು ಸರಕಾರದ ಬೊಕ್ಕಸಕ್ಕೆ ಸೇರಿತೇ ಹೊರತು ನೊಂದವರ ಕೈಗಲ್ಲ.

ಇಷ್ಟೆಲ್ಲ ಮೊತ್ತಗಳ ನಡುವೆ ಒಂದು ಸಣ್ಣ ಸಂಖ್ಯೆಯನ್ನು ಮರೆಯಲಾಗದು. ಈ ತಪ್ಪಿನಿಂದಾಗಿ ವಾಸದ ಮನೆಯನ್ನೇ ಕಳೆದುಕೊಂಡ ಕುಟುಂಬಗಳ ಲೆಕ್ಕವನ್ನು ಸೆಂಟ್ರಲ್ ಬ್ಯಾಂಕಿನ ವರದಿಯು ಕೊಟ್ಟಿದೆ; ಅಂಥ ಮನೆಗಳು 99. ಅವರಿಗೆ ಹೆಚ್ಚಿನ ಪರಿಹಾರವು ದೊರೆಯಿತು, ನಿಜ. ಆದರೆ ಮಕ್ಕಳು ಅಂಬೆಗಾಲಿಟ್ಟ ಅಂಗಳವನ್ನು ಹತ್ತು ವರ್ಷಗಳ ಮೇಲೆ ಯಾರು ಹಿಂದಿರುಗಿಸಬಲ್ಲರು? ಖಾತೆಯನ್ನು ಹಿಂದಿನ ಸ್ಥಿತಿಗೆ ತರಬಹುದು, ಸಂಸಾರವನ್ನು ತರಲಾಗದು.

ಇಲ್ಲಿ ಇನ್ನೊಂದು ಮುಖವನ್ನೂ ಹೇಳುವುದು ನ್ಯಾಯ. 2016ರ ಮಾರ್ಚಿನಲ್ಲಿ ಸೊನ್ನೆಗೆ ಇಳಿದಿದ್ದ ಮೂಲ ದರವು 2022ರ ಜುಲೈಯಿಂದ ಏರತೊಡಗಿ 2023ರ ಸೆಪ್ಟೆಂಬರಿನಲ್ಲಿ ಶೇಕಡಾ 4.50ಕ್ಕೆ ಮುಟ್ಟಿತು. ಟ್ರ್ಯಾಕರ್ ಸಾಲಗಾರರ ಕಂತುಗಳೂ ಅದರೊಡನೆ ಏರಿದುವು. ಅವರಿಗೆ ಬೇಕಾಗಿದ್ದುದು ಅಗ್ಗದ ಸಾಲವೆಂಬ ಭಿಕ್ಷೆಯಲ್ಲ. ಲಾಭವಾಗಲಿ ನಷ್ಟವಾಗಲಿ ಬರೆದುಕೊಟ್ಟ ಮಾತಿನಂತೆ ನಡೆಯುವುದು. ಅಷ್ಟರಲ್ಲಿ ಕೆ.ಬಿ.ಸಿ. ಮತ್ತು ಅಲ್ಸ್ಟರ್ ಬ್ಯಾಂಕುಗಳು ಆ ದೇಶದಲ್ಲಿ ತಮ್ಮ ವ್ಯವಹಾರವನ್ನು ಮುಗಿಸಲು ನಿಶ್ಚಯಿಸಿದುವು. ಕೆ.ಬಿ.ಸಿ.ಯ ಮನೆಸಾಲಗಳು ಬ್ಯಾಂಕ್ ಆಫ್ ಐರ್ಲೆಂಡಿಗೂ, ಅಲ್ಸ್ಟರ್ ಬ್ಯಾಂಕಿನ ಟ್ರ್ಯಾಕರ್ ಸಾಲಗಳು ಎ.ಐ.ಬಿ.ಗೂ ವರ್ಗವಾದುವು. ಬ್ಯಾಂಕು ಹೋಯಿತು, ಅದರ ಮಾತು ಮಾತ್ರ ಮತ್ತೊಬ್ಬರ ಮೇಜಿನ ಮೇಲೆ ಉಳಿಯಿತು.

ನಮ್ಮ ದೇಶಕ್ಕೆ ಇದು ದೂರದ ಸುದ್ದಿಯಲ್ಲ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಮನೆಸಾಲಗಳನ್ನು ರೆಪೊ ದರದಂಥ ಹೊರಗಿನ ಅಳತೆಗೋಲಿಗೆ ಕಟ್ಟಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಐರ್ಲೆಂಡಿನ ಟ್ರ್ಯಾಕರ್ ಸಾಲಕ್ಕೆ ಇದು ಹತ್ತಿರದ ಬಂಧುವೇ. 2020ರ ಮೇ ತಿಂಗಳಲ್ಲಿ ಶೇಕಡಾ 4ಕ್ಕೆ ಇಳಿದಿದ್ದ ರೆಪೊ ದರವು 2023ರ ಫೆಬ್ರವರಿಯಲ್ಲಿ 6.5ಕ್ಕೆ ಏರಿದಾಗ ನಮ್ಮಲ್ಲಿ ಎಷ್ಟೋ ಜನರಿಗೆ ಕಂತಿನ ಮೊತ್ತವು ಹಾಗೆಯೇ ಇದ್ದು ಕಂತುಗಳ ಸಂಖ್ಯೆಯು ಬೆಳೆಯಿತು. ಅದು ಅವರ ಗಮನಕ್ಕೆ ಬಂದುದು ತಡವಾಗಿ. ಅಂಥ ಬದಲಾವಣೆಯನ್ನು ಸಾಲಗಾರನಿಗೆ ತಿಳಿಸಲೇಬೇಕೆಂದು 2023ರ ಆಗಸ್ಟಿನಲ್ಲಿ ಆದೇಶವಾಯಿತು. ಸಾಲ ತೀರಿದ 30 ದಿನಗಳೊಳಗೆ ಮನೆಯ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮವೂ 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದಿತು.

ಕನ್ನಡನಾಡಿನ ಕರಾವಳಿಯು ಬ್ಯಾಂಕುಗಳ ತವರು. ಅಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೂ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೂ, ಕಾರ್ಪೊರೇಶನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನೊಳಗೂ ಸೇರಿಹೋದುವು. ಹೊರನಾಡಿನ ಕನ್ನಡಿಗರ ಎಷ್ಟೋ ಮನೆಗಳ ಪತ್ರಗಳು ಈ ಹೆಸರುಗಳ ಮುದ್ರೆಯನ್ನು ಹೊತ್ತಿವೆ. ನಾಮಫಲಕ ಬದಲಾದರೂ ಆ ಮುದ್ರೆಯ ಕೆಳಗಿನ ಮಾತಿಗೆ ಹೊಸ ಒಡೆಯನು ಬದ್ಧನು. ಆದುದರಿಂದ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ: ಸಾಲ ಮಂಜೂರಾದ ದಿನ ಬ್ಯಾಂಕು ಕೊಟ್ಟ ಪತ್ರವನ್ನು ಸಾಲ ತೀರಿ ದಾಖಲೆಗಳು ಕೈಸೇರುವ ತನಕ ಜೋಪಾನವಾಗಿಡಿ, ದರದ ಕುರಿತಾದ ಪುಟವನ್ನು ಒಮ್ಮೆಯಾದರೂ ಮನೆಮಂದಿಯೊಡನೆ ಕೂತು ಓದಿರಿ. ಅರ್ಥವಾಗದಿದ್ದರೆ ಬ್ಯಾಂಕಿಗೆ ಬಂದು ಕೇಳಿರಿ. ಹೇಳುವುದು ನಮ್ಮ ಕೆಲಸ.