ಐರಿಷ್ ಅನಿಮೇಷನ್‌ನಲ್ಲಿ ಹಿರಿಯರ ಬಾಲ್ಯಕಥನ

ಐರ್ಲೆಂಡಿನ ಅನಿಮೇಷನ್ ಚಿತ್ರಗಳಲ್ಲಿ, ಅದರಲ್ಲೂ ಮಕ್ಕಳಿಗಾಗಿ ತಯಾರಾದವುಗಳಲ್ಲಿ ಕಾಣುವ ಒಂದು ಮುಖ್ಯ ಧಾರೆ. ಮನೆಯ ಹಿರಿಯರೊಬ್ಬರು ತಾವು ಬಾಳಿದ ಅಥವಾ ತಮ್ಮ ಹಿರಿಯರಿಂದ ಕೇಳಿ ತಿಳಿದ ಕಾಲವನ್ನು ಮಗುವಿಗೆ ಹೇಳುತ್ತಾರೆ. ಆ ಮಾತಿನ ಬೆನ್ನು ಹಿಡಿದು ಚಿತ್ರ ಸಾಗುತ್ತದೆ. ಕೆಲವು ಕೃತಿಗಳಲ್ಲಿ ಹೇಳುವವರು ಅಜ್ಜಿ, ಕೆಲವದರಲ್ಲಿ ತಾಯಿ. ಇನ್ನು ಕೆಲವದರಲ್ಲಿ ಹಿರಿಯರಿಂದ ಕೇಳಿದ್ದನ್ನು ಮಗುವೇ ತನ್ನದೇ ರೀತಿಯಲ್ಲಿ ತಿರುಗಿ ಹೇಳುತ್ತದೆ. ಹೇಳುವವರ ದನಿಯನ್ನು ಕಥೆಯೊಳಗೇ ಉಳಿಸಿಕೊಳ್ಳುವುದು ಈ ಧಾರೆಯ ಜೀವಾಳ. ಅದು ಹುಟ್ಟಿದ್ದು ಸ್ಟುಡಿಯೊಗಳಲ್ಲಾದರೂ ಬೇರು ಇರುವುದು ಹಳ್ಳಿಮನೆಯ ಒಲೆಯ ಬಳಿ.

ಒಲೆಯ ಬಳಿಯ ಕಥೆಗಾರರು

ಐರ್ಲೆಂಡಿನ ಹಳ್ಳಿಗಳಲ್ಲಿ ಕಥೆಗೆ ಒಂದು ಋತುವಿತ್ತು. ಅಕ್ಟೋಬರ್ ಕೊನೆಯ ಸಾವಿನ್ ಹಬ್ಬದಿಂದ ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನದವರೆಗಿನ ದೀರ್ಘ ರಾತ್ರಿಗಳಲ್ಲಿ ನೆರೆಹೊರೆಯವರು ಊರಿನ ಒಂದು ಮನೆಯಲ್ಲಿ ಸೇರುತ್ತಿದ್ದರು. ಜೌಗುನೆಲದಿಂದ ಕಡಿದು ಬೇಸಗೆಯಲ್ಲಿ ಒಣಗಿಸಿಟ್ಟ ಟರ್ಫ್ ಹೆಂಟೆಗಳು ಒಲೆಯಲ್ಲಿ ನಿಧಾನವಾಗಿ ಉರಿಯುತ್ತಿದ್ದವು. ಹೇಳುವವರಲ್ಲಿ ಎರಡು ಬಗೆ. ಪುರಾಣವೀರ ಫಿಯೊನ್ ಮತ್ತು ಅವನ ಪಡೆಯವರ ವೀರಕಥೆಗಳನ್ನು, ಒಂದೊಂದು ಸಲ ಹಲವು ರಾತ್ರಿ ನಡೆಯುವಂಥ ಕಥೆಗಳನ್ನು, ಬಾಯಿಪಾಠವಾಗಿ ಹೇಳುವವನು ಶ್ಕೇಲೀ. ಊರಿನ ಸಂಗತಿ, ವಂಶಾವಳಿ, ದೆವ್ವ-ಯಕ್ಷಿಯರ ಸುದ್ದಿ, ಬರಗಾಲದ ನೆನಪು ಇವನ್ನೆಲ್ಲ ಬಲ್ಲವರು ಶಾನಖೀ. ಇವರಲ್ಲಿ ಹೆಂಗಸರೂ ಬಹಳ ಇದ್ದರು. ವೀರಕಥೆಯನ್ನು ಹಗಲಿನಲ್ಲಿ ಹೇಳಿದರೆ ಕೇಡು ಎಂಬ ನಂಬಿಕೆಯೂ ಇತ್ತು.

ಕೆರಿ ಕೌಂಟಿಯ ಕರಾವಳಿಗೆ ಎದುರಾಗಿರುವ ಗ್ರೇಟ್ ಬ್ಲಾಸ್ಕೆಟ್ ದ್ವೀಪದಲ್ಲಿ ಬಾಳಿದ ಪೆಗ್ ಸೇಯರ್ಸ್ (1873–1958) ಇಂಥ ಹೇಳುಗರಲ್ಲಿ ಬಹಳ ಹೆಸರಾದವರು. ತಮ್ಮ ಬದುಕಿನ ಕಥೆಯನ್ನು ಅವರು ಮಗನಿಗೆ ಬಾಯಿಬಿಟ್ಟು ಹೇಳಿ ಬರೆಸಿದರು. 1936ರಲ್ಲಿ ಅದು ಐರಿಷ್ ಭಾಷೆಯಲ್ಲಿ ಪುಸ್ತಕವಾಯಿತು. 1953ರಲ್ಲಿ ದ್ವೀಪದಲ್ಲಿ ಉಳಿದಿದ್ದ ಕೆಲವೇ ಕುಟುಂಬಗಳನ್ನು ಸರ್ಕಾರ ಮುಖ್ಯನಾಡಿಗೆ ಸಾಗಿಸಿತು. ಅದೇ ಕೆರಿಯವರಾದ ನಟ ಏಮನ್ ಕೆಲಿ (1914–2001) ಶಾನಖೀಯ ಕಲೆಯನ್ನು ರೇಡಿಯೊಗೂ ರಂಗಕ್ಕೂ ತಂದು, ನಗರದ ಕೇಳುಗರಿಗೂ ಅದರ ರುಚಿ ಹತ್ತಿಸಿದರು.

ಮಕ್ಕಳು ಬರೆದಿಟ್ಟ ಅಜ್ಜ-ಅಜ್ಜಿಯರ ಮಾತು

1935ರಲ್ಲಿ ಸ್ಥಾಪನೆಯಾದ ಐರಿಷ್ ಜಾನಪದ ಆಯೋಗ ಈ ಮಾತನ್ನೆಲ್ಲ ಕೂಡಿಡುವ ಕೆಲಸಕ್ಕೆ ಕೈಹಾಕಿತು. ಶೇಮಸ್ ಓ ಡುಲಿಯರ್ಗ ಅದರ ನಿರ್ದೇಶಕರು, ಶಾನ್ ಓ ಸೂಲಿವಾನ್ ದಾಖಲೆಗಳ ಮುಖ್ಯಸ್ಥರು. ಸಂಗ್ರಾಹಕರು ಎಡಿಫೋನ್ ಎಂಬ ಯಂತ್ರವನ್ನು ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿ, ಮೇಣದ ಉರುಳೆಗಳ ಮೇಲೆ ದನಿ ಹಿಡಿದರು. ಆದರೆ ಹಣದ ಅಡಚಣೆ ಬಹಳವಿತ್ತು. ಕೇಳಿ ಬರೆದುಕೊಂಡ ಮೇಲೆ ಉರುಳೆಯ ಮೇಲ್ಪದರವನ್ನು ಹೆರೆದು ಮತ್ತೆ ಬಳಸುತ್ತಿದ್ದರು. ಹೀಗಾಗಿ ಸಾವಿರಾರು ಕಥೆಗಳ ಶಬ್ದಗಳು ಉಳಿದವು, ದನಿಗಳು ಉಳಿಯಲಿಲ್ಲ. ಮುಂದಿನ ತಲೆಮಾರಿನ ಚಿತ್ರಕಾರರು ಹೇಳುವವರ ಉಸಿರು, ತಡವರಿಕೆಗಳಿಗೆ ಇಷ್ಟು ಬೆಲೆ ಕೊಟ್ಟದ್ದನ್ನು ಈ ನಷ್ಟದ ಜೊತೆಯಲ್ಲೇ ಇಟ್ಟು ನೋಡಬೇಕು.

ಆಯೋಗದ ಕೆಲಸಗಳಲ್ಲಿ ಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದು ಶಾಲಾ ಸಂಗ್ರಹ. 1937ರಿಂದ 1939ರವರೆಗೆ ಐರಿಷ್ ರಾಜ್ಯದ 26 ಕೌಂಟಿಗಳಲ್ಲಿ, ಸುಮಾರು 5,000 ಪ್ರಾಥಮಿಕ ಶಾಲೆಗಳ 50,000ಕ್ಕೂ ಹೆಚ್ಚು ಮಕ್ಕಳು ಇದರಲ್ಲಿ ಭಾಗವಹಿಸಿದರು. ಹೆಚ್ಚಿನವರು 11ರಿಂದ 14 ವರ್ಷದವರು. ವಾರದ ಪ್ರಬಂಧದ ಬದಲು ಊರಿನ ಹಿರಿಯರನ್ನು ಕೇಳಿ ಬರೆದುಕೊಂಡು ಬರುವುದು ಅವರ ಪಾಠವಾಯಿತು. ಉಪಾಧ್ಯಾಯರಿಗೆ ಕೊಟ್ಟ ಕೈಪುಸ್ತಿಕೆಯಲ್ಲಿ 55 ವಿಷಯಗಳಿದ್ದವು: ಹೂತಿಟ್ಟ ನಿಧಿ, ಪವಿತ್ರ ಬಾವಿಗಳು, ಯಕ್ಷಿಯರ ದಿಬ್ಬ, ಮನೆಮದ್ದು, ಮಳೆಯ ಸೂಚನೆ, ಆಲೂಗೆಡ್ಡೆ ಬೆಳೆ, ಊರಿನ ಸಂತೆ, ಆಟಗಳು, 1840ರ ದಶಕದ ಮಹಾಕ್ಷಾಮ. ಮಕ್ಕಳು ಹೆಚ್ಚಾಗಿ ಕೇಳಿದ್ದು ಮನೆಯಲ್ಲೇ ಇದ್ದ ಅಜ್ಜ-ಅಜ್ಜಿಯರನ್ನು. ಬರಹದ ಕೊನೆಗೆ ಹೇಳಿದವರ ಹೆಸರು, ಊರು, ಎಷ್ಟೋ ಕಡೆ ವಯಸ್ಸು ಕೂಡ ಇದೆ. ಒಟ್ಟು ಪುಟಗಳು ಸುಮಾರು 7,40,000.

ಬೆಣ್ಣೆ ಕಡೆಯುವ ವಿಷಯವೊಂದನ್ನೇ ತೆಗೆದುಕೊಂಡರೂ ಈ ನೋಟ್‌ಪುಸ್ತಕಗಳ ಸಿರಿ ಗೊತ್ತಾಗುತ್ತದೆ. ಕಡೆಯುವ ಮರದ ಪಾತ್ರೆ ಎಷ್ಟು ಎತ್ತರ, ಯಾರು ಎಷ್ಟು ಹೊತ್ತು ಕಡೆಯುತ್ತಿದ್ದರು, ಬೆಣ್ಣೆ ಕಟ್ಟಿತೆಂದು ಹೇಗೆ ಗೊತ್ತಾಗುತ್ತಿತ್ತು, ಮಜ್ಜಿಗೆಯನ್ನು ಏನು ಮಾಡುತ್ತಿದ್ದರು ಎಂದು ಮಕ್ಕಳು ಬರೆದಿದ್ದಾರೆ. ಕಡೆಯುತ್ತಿರುವಾಗ ಯಾರೇ ಒಳಗೆ ಬಂದರೂ ಕಡೆಗೋಲಿಗೆ ಒಂದು ಕೈ ಹಾಕಲೇಬೇಕು. ಹಾಗೆ ಮಾಡದೆ ಹೊರಟರೆ ಮನೆಯ ಬೆಣ್ಣೆಯ ಭಾಗ್ಯ ಅವರೊಂದಿಗೆ ಹೋಗಿಬಿಡುತ್ತದೆ. ಮೇ ತಿಂಗಳ ಮೊದಲ ದಿನ ಮನೆಯಿಂದ ಹಾಲು, ಬೆಂಕಿ ಯಾರಿಗೂ ಕೊಡಬಾರದು. ಹಸು, ಹಾಲು, ಬಡತನ, ನೆರೆಯವರ ಮೇಲಿನ ಸಣ್ಣ ಅನುಮಾನ ಎಲ್ಲವೂ ಒಂದೇ ಪುಟದಲ್ಲಿ ಸೇರಿರುತ್ತವೆ. ಮಕ್ಕಳ ಸರಣಿಯೊಂದರ ಕಂತಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ.

ಹಿರಿಯರ ಈ ಬಾಲ್ಯ ಇಂದಿನ ಐರಿಷ್ ಮಗುವಿಗೆ ಬೇರೆಯೇ ಲೋಕದಂತೆ ಕಾಣುವುದಕ್ಕೆ ಕಾರಣಗಳಿವೆ. ಹಳ್ಳಿಗಳಿಗೆ ವಿದ್ಯುತ್ ಎಳೆಯುವ ಯೋಜನೆ ಶುರುವಾದದ್ದು 1946ರಲ್ಲಿ. ದೂರದ ಕಣಿವೆಗಳಿಗೂ ದ್ವೀಪಗಳಿಗೂ ಅದು ತಲುಪಲು ದಶಕಗಳೇ ಹಿಡಿದವು. ದೂರದರ್ಶನ ಬಂದದ್ದು 1961ರ ಡಿಸೆಂಬರ್ 31ರ ರಾತ್ರಿ. ಅದಕ್ಕೆ ಮೊದಲು ಕಂದೀಲಿನ ಬೆಳಕು, ಬಾವಿಯ ನೀರು, ಶಾಲೆಯ ಒಲೆಗೆಂದು ಕಂಕುಳಲ್ಲಿ ಒಂದು ಟರ್ಫ್ ಹೆಂಟೆ ಹಿಡಿದು ನಡೆಯುವ ಮಕ್ಕಳು, ಮುಯ್ಯಾಳು ಕಟ್ಟಿಕೊಂಡು ಮುಗಿಸುವ ಹುಲ್ಲುಕೊಯ್ಲು ಇವು ದಿನನಿತ್ಯದ ಮಾತಾಗಿದ್ದವು. ಅಜ್ಜನಿಗೂ ಮೊಮ್ಮಗಳಿಗೂ ನಡುವೆ ಐವತ್ತು-ಅರವತ್ತು ವರ್ಷಗಳ ಅಂತರವಷ್ಟೇ ಇದ್ದರೂ ಪ್ರತಿಯೊಂದು ವಸ್ತುವನ್ನೂ ವಿವರಿಸಿ ಹೇಳಬೇಕಾಗುತ್ತದೆ. ಚಿತ್ರಕಾರನ ಕೆಲಸ ಶುರುವಾಗುವುದು ಅಲ್ಲಿಂದಲೇ.

ಸ್ಟುಡಿಯೊಗಳು

ಐರ್ಲೆಂಡಿನಲ್ಲಿ ಅನಿಮೇಷನ್ ಉದ್ಯಮವಾಗಿ ಬೆಳೆದದ್ದು 1980ರ ದಶಕದಲ್ಲಿ, ಅಮೆರಿಕದ ಡಾನ್ ಬ್ಲೂತ್ ಅವರ ಸ್ಟುಡಿಯೊ ಡಬ್ಲಿನ್‌ಗೆ ಬಂದ ಮೇಲೆ. ಅಲ್ಲಿಗೆ ಬೇಕಾದ ಕೆಲಸಗಾರರನ್ನು ತಯಾರು ಮಾಡಲು ಬ್ಯಾಲಿಫರ್ಮಟ್ ಕಾಲೇಜಿನಲ್ಲಿ ಅನಿಮೇಷನ್ ತರಗತಿಗಳು ಆರಂಭವಾದವು. 1990ರ ದಶಕದ ಮಧ್ಯಭಾಗದಲ್ಲಿ ಆ ಸ್ಟುಡಿಯೊ ಮುಚ್ಚಿಹೋಯಿತು, ಕಲಿತವರು ಉಳಿದರು. 1994ರಲ್ಲಿ ಕಹಲ್ ಗ್ಯಾಫ್ನಿ, ಡಾರಾ ಓಕಾನೆಲ್ ಡಬ್ಲಿನ್‌ನಲ್ಲಿ ಬ್ರೌನ್ ಬ್ಯಾಗ್ ಫಿಲ್ಮ್ಸ್ ಕಟ್ಟಿದರು. 1999ರಲ್ಲಿ ಟಾಮ್ ಮೂರ್, ನೋರಾ ಟೂಮಿ, ಪಾಲ್ ಯಂಗ್ ಮೊದಲಾದವರು ಕಿಲ್ಕೆನಿ ಪಟ್ಟಣದಲ್ಲಿ ಕಾರ್ಟೂನ್ ಸಲೂನ್ ಆರಂಭಿಸಿದರು. ಹಿರಿಯರ ಕಥನವನ್ನು ಪರದೆಗೆ ತಂದದ್ದರಲ್ಲಿ ಈ ಎರಡು ಸಂಸ್ಥೆಗಳ ಪಾಲು ದೊಡ್ಡದು.

ಮುಖ್ಯ ಕೃತಿಗಳು

ಬ್ರೌನ್ ಬ್ಯಾಗ್‌ನ ‘ಗಿವ್ ಅಪ್ ಯರ್ ಔಲ್ ಸಿನ್ಸ್’ (2001) ಈ ಧಾರೆಯ ದಾರಿದೀಪ. 1960ರ ದಶಕದಲ್ಲಿ ಡಬ್ಲಿನ್ ನಗರದ ಒಳಗಣ ಬಡಬಡಾವಣೆಯ ರಟ್ಲೆಂಡ್ ಸ್ಟ್ರೀಟ್ ಶಾಲೆಯಲ್ಲಿ ಶಿಕ್ಷಕಿ ಪೆಗ್ ಕನಿಂಗ್‌ಹ್ಯಾಮ್ ತಮ್ಮ ಪುಟ್ಟ ವಿದ್ಯಾರ್ಥಿಗಳು ಬೈಬಲ್ ಕಥೆ ಹೇಳುವುದನ್ನು ಟೇಪಿನಲ್ಲಿ ಹಿಡಿದಿದ್ದರು. ಸುಮಾರು ನಾಲ್ಕು ದಶಕಗಳ ನಂತರ ಅದೇ ದನಿಗೆ ಚಿತ್ರ ಬರೆಯಲಾಯಿತು. ಹಳೆಯ ಸಾಕ್ಷ್ಯಚಿತ್ರ ತಂಡವೊಂದು ತರಗತಿಗೆ ಬಂದಿದೆ ಎಂಬಂತೆ ಚಿತ್ರ ತೆರೆದುಕೊಳ್ಳುತ್ತದೆ. ಫಿಲ್ಮಿನ ಮೇಲೆ ಗೀರು, ಧೂಳು ಕೂಡ ಇವೆ. ಸ್ನಾನಿಕ ಯೋಹಾನನ ಕಥೆಯನ್ನು ಒಬ್ಬ ಹುಡುಗಿ ಉಸಿರು ಕಟ್ಟಿ, ತನ್ನ ಓಣಿಯ ಮಾತಿನಲ್ಲಿ, ಪಕ್ಕದ ಮನೆಯ ಜಗಳ ವರದಿ ಮಾಡುವಷ್ಟು ಸಲೀಸಾಗಿ ಹೇಳುತ್ತಾಳೆ. ಅವಳ ಒಂದು ತಡವರಿಕೆಯನ್ನೂ ತಿದ್ದಿಲ್ಲ. ಹೊಸದಾಗಿ ನಟರಿಂದ ಓದಿಸಿದ್ದರೆ ಚಿತ್ರ ಅಂದವಾಗಿರುತ್ತಿತ್ತು, ಸತ್ತೂ ಹೋಗುತ್ತಿತ್ತು. 2002ರಲ್ಲಿ ಅದು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಅದೇ ಟೇಪುಗಳಿಂದ ಮುಂದೆ ಇನ್ನಷ್ಟು ಕಿರುಚಿತ್ರಗಳು ಬಂದವು. ಇದು ನಗರದ ಕಥೆ, ಹೇಳುವವರು ಮಕ್ಕಳು. ಆದರೂ ದಾಖಲಾದ ದನಿಗೆ ಚಿತ್ರ ತಲೆಬಾಗಿ ನಡೆಯಬಹುದೆಂದು ತೋರಿಸಿಕೊಟ್ಟದ್ದು ಇದೇ.

ನಿಕಿ ಫೀಲನ್ ನಿರ್ದೇಶನದ ‘ಗ್ರ್ಯಾನಿ ಓಗ್ರಿಮ್ಸ್ ಸ್ಲೀಪಿಂಗ್ ಬ್ಯೂಟಿ’ (2008) ಆರೇ ನಿಮಿಷದ ಚಿತ್ರ. ಕ್ಯಾಥ್ಲೀನ್ ಓರೂರ್ಕ್ ಬರೆದು ಅವರೇ ದನಿ ಕೊಟ್ಟ ಅಜ್ಜಿ, ಮೊಮ್ಮಗುವಿಗೆ ಮಲಗುವ ಹೊತ್ತಿನ ಕಥೆ ಹೇಳಲು ಕುಳಿತು, ಕರೆಯದೆ ಬಿಟ್ಟ ಮುದಿ ಯಕ್ಷಿಯ ನೆಪದಲ್ಲಿ ಮುಪ್ಪಿನ ಸಂಕಟವನ್ನೆಲ್ಲ ಹೊರಹಾಕುತ್ತಾಳೆ. ಕೋಣೆಯ ದೃಶ್ಯ ಕಂಪ್ಯೂಟರಿನ ಮೂರು ಆಯಾಮದ್ದು, ಕಥೆಯೊಳಗಿನದು ಚಪ್ಪಟೆ ಚಿತ್ರ. 2010ರಲ್ಲಿ ಇದೂ, ಕಾರ್ಟೂನ್ ಸಲೂನ್‌ನ ‘ದ ಸೀಕ್ರೆಟ್ ಆಫ್ ಕೆಲ್ಸ್’ ಕೂಡ ಒಂದೇ ವರ್ಷ ಬೇರೆ ಬೇರೆ ವಿಭಾಗಗಳಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದವು.

ಟಾಮ್ ಮೂರ್ ಅವರ ‘ಸಾಂಗ್ ಆಫ್ ದ ಸೀ’ (2014) ಹುಟ್ಟಿದ್ದು ಸಮುದ್ರತೀರದ ಒಂದು ಮಾತಿನಿಂದ. ಮಗನೊಂದಿಗೆ ಪಶ್ಚಿಮ ಕೆರಿಗೆ ಹೋಗಿದ್ದ ಅವರು ದಂಡೆಯಲ್ಲಿ ಕೊಂದು ಬಿಸಾಡಿದ ಸೀಲ್‌ಗಳನ್ನು ಕಂಡರು. ಮೀನು ಕಡಿಮೆಯಾದದ್ದಕ್ಕೆ ಮೀನುಗಾರರಿಗೆ ಅವುಗಳ ಮೇಲೆ ಸಿಟ್ಟು. ಹಿಂದಿನ ಕಾಲದಲ್ಲಿ ಯಾರೂ ಹೀಗೆ ಮಾಡುತ್ತಿರಲಿಲ್ಲ ಎಂದು ಸ್ಥಳೀಯ ಮಹಿಳೆಯೊಬ್ಬರು ಅವರಿಗೆ ಹೇಳಿದರು. ಸೀಲ್ ಚರ್ಮ ತೊಟ್ಟು ಕಡಲಿಗಿಳಿಯುವ ಸೆಲ್ಕಿಯರ ಕಥೆಗಳನ್ನು ಜನ ನಂಬುತ್ತಿದ್ದರು. ಕಥೆ ಮರೆತರೆ ಅದರೊಂದಿಗೆ ಬಂದಿದ್ದ ಕರುಣೆಯೂ ಹೋಗುತ್ತದೆ ಎಂಬ ಅರಿವು ಇಡೀ ಚಿತ್ರವನ್ನು ನಡೆಸುತ್ತದೆ. 1980ರ ದಶಕದಲ್ಲಿ, ದೀಪಸ್ತಂಭವಿರುವ ದ್ವೀಪವೊಂದರಲ್ಲಿ ಬೆಳೆಯುತ್ತಿರುವ ಬೆನ್ ಮತ್ತು ಸೀರ್ಷಾ ಎಂಬ ಅಣ್ಣ-ತಂಗಿಯನ್ನು ಅವರ ಅಜ್ಜಿ ನಗರಕ್ಕೆ ಕರೆದೊಯ್ಯುತ್ತಾಳೆ. ತಪ್ಪಿಸಿಕೊಂಡು ಹಳ್ಳಿಗಾಡಿನ ನಡುವೆ ಮನೆಗೆ ಹಿಂದಿರುಗುವ ಬೆನ್‌ಗೆ ತಾಯಿ ಹೇಳಿದ್ದ ಕಥೆಗಳೇ ದಾರಿ. ಪವಿತ್ರ ಬಾವಿಯೊಂದರ ಆಳದಲ್ಲಿ ಅವನಿಗೆ ಮಹಾ ಶಾನಖೀ ಎದುರಾಗುತ್ತಾನೆ. ಅವನ ಉದ್ದನೆಯ ಕೂದಲಿನ ಒಂದೊಂದು ಎಳೆಯಲ್ಲೂ ಒಂದೊಂದು ಕಥೆ. ಎಳೆ ಕಡಿದರೆ ಕಥೆಯೂ ಹೋಯಿತು. ಅಜ್ಜಿಗೂ, ಎಲ್ಲರ ದುಃಖವನ್ನು ಜಾಡಿಯಲ್ಲಿ ಮುಚ್ಚಿಡುವ ಮಾಟಗಾತಿ ಮಾಖಾಗೂ ಫಿನೂಲಾ ಫ್ಲಾನಗನ್ ಒಬ್ಬರೇ ದನಿ ನೀಡಿದ್ದಾರೆ. ಮಗುವಿನ ಕಣ್ಣಿಗೆ ಮನೆಯ ಹಿರಿಯರೂ ಕಥೆಯ ಪಾತ್ರಗಳೂ ಒಂದೇ ಆಗಿ ಕಾಣುವುದನ್ನು ಇಷ್ಟು ಸರಳವಾಗಿ ಹೇಳಿದ ಚಿತ್ರಗಳು ವಿರಳ.

‘ಏಂಜೆಲಾಸ್ ಕ್ರಿಸ್‌ಮಸ್’ (2017) ನೇರವಾಗಿ ಮನೆಮಾತಿನಿಂದ ಬಂದದ್ದು. ಲೇಖಕ ಫ್ರ್ಯಾಂಕ್ ಮೆಕ್‌ಕೋರ್ಟ್ ತಮ್ಮ ತಾಯಿ ಏಂಜೆಲಾ ಲಿಮರಿಕ್ ಪಟ್ಟಣದಲ್ಲಿ ಚಿಕ್ಕವಳಿದ್ದಾಗಿನ ಘಟನೆಯನ್ನು ಮಕ್ಕಳ ಪುಸ್ತಕವಾಗಿ ಬರೆದಿದ್ದರು: ಚರ್ಚಿನ ಗೋದಲಿಯಲ್ಲಿದ್ದ ಬಾಲಯೇಸುವಿಗೆ ಚಳಿಯಾಗುತ್ತದೆಂದು ಆ ಹುಡುಗಿ ಗೊಂಬೆಯನ್ನು ಎತ್ತಿಕೊಂಡು ಮನೆಗೆ ತರುತ್ತಾಳೆ. ಡೇಮಿಯನ್ ಓಕಾನರ್ ನಿರ್ದೇಶಿಸಿದ ಅರ್ಧ ಗಂಟೆಯ ಈ ಚಿತ್ರಕ್ಕೆ 2020ರಲ್ಲಿ ಮುಂದುವರಿಕೆಯೂ ಬಂತು.

ಲೂಯಿಸ್ ಬ್ಯಾಗ್ನಲ್ ಅವರ ‘ಲೇಟ್ ಆಫ್ಟರ್‌ನೂನ್’ (2017) ಮಕ್ಕಳಿಗಷ್ಟೇ ಮಾಡಿದ್ದಲ್ಲ; ಆದರೆ ಹಿರಿಯರ ಬಾಲ್ಯವನ್ನು ಚಿತ್ರಿಸುವ ಬಗೆಯಲ್ಲಿ ಇದರಿಂದ ಕಲಿಯುವುದು ಬಹಳ. ಮರೆವಿನ ಕಾಯಿಲೆಯ ಎಮಿಲಿ ಎಂಬ ವೃದ್ಧೆ ಒಂದು ಕಪ್ ಚಹಾ, ಬಿಸ್ಕತ್ತಿನಿಂದ ತನ್ನ ಎಳವೆಗೆ ಜಾರುತ್ತಾಳೆ. ವರ್ತಮಾನದ ಗೆರೆಗಳು ನೆಟ್ಟಗಿದ್ದರೆ ನೆನಪಿನಲ್ಲಿ ಬಣ್ಣಗಳು ಅಂಚು ಮೀರಿ ಹರಡುತ್ತವೆ. ಅದೂ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು.

ತಯಾರಿಕೆ

ಇಂಥ ಕೃತಿಗಳಲ್ಲಿ ಮೊದಲು ದನಿ, ಆಮೇಲೆ ಗೆರೆ. ಐರ್ಲೆಂಡಿನ ಪ್ರಸಾರದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಐದು ನಿಮಿಷದ ಕಂತಿಗೆ 7,500. ಒಂದು ಚಿತ್ರವನ್ನು ಎರಡು ಚೌಕಟ್ಟುಗಳಷ್ಟು ಕಾಲ ನಿಲ್ಲಿಸಿದರೂ 3,750 ಭಂಗಿಗಳು ಬೇಕು. ವೃತ್ತಿನಟರ ಮಾತು ಅಳತೆಗೆ ಕೂಡುತ್ತದೆ. ಎಂಬತ್ತು ವರ್ಷದವರ ಮಾತು ಹಾಗಲ್ಲ. ನಡುವೆ ನಿಲ್ಲುತ್ತಾರೆ, ಹೆಸರು ಮರೆಯುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ, ಹೇಳುವ ಮೊದಲೇ ನಗುತ್ತಾರೆ. ಆ ಮೌನವನ್ನು ಕತ್ತರಿಸದೆ, ಅಜ್ಜನ ಕೈಯ ಅಲುಗಾಟಕ್ಕೋ ಒಲೆಯ ಕಿಡಿಗೋ ಬಿಟ್ಟುಕೊಡುವುದೇ ಜಾಣತನ. ಉಚ್ಚಾರಣೆಯೂ ಮುಖ್ಯ: ಕೆರಿಯ ಇಂಗ್ಲಿಷಿನ ಏರಿಳಿತ ಡೋನಿಗಾಲ್ ಕೌಂಟಿಯದಲ್ಲ. 1996ರಲ್ಲಿ ಆರಂಭವಾದ ಐರಿಷ್ ಭಾಷೆಯ ವಾಹಿನಿ, ಈಗಿನ ಟಿಜಿ4, ಮಕ್ಕಳ ಕಾರ್ಟೂನುಗಳನ್ನು ಐರಿಷ್‌ನಲ್ಲಿ ಕೊಡುತ್ತ ಬಂದಿದೆ. ‘ಸಾಂಗ್ ಆಫ್ ದ ಸೀ’ಗೂ ಐರಿಷ್ ಆವೃತ್ತಿಯಿದೆ.

ಮಿತಿಗಳು

ಹಳ್ಳಿಯ ಬಾಲ್ಯವನ್ನು ಹಸುರು ಗುಡ್ಡ, ಹುಲ್ಲಿನ ಬಣವೆ, ಕತ್ತೆಗಾಡಿಗಳ ಸುಂದರ ಚಿತ್ರವಾಗಿಸುವ ಸುಲಭದ ದಾರಿಯೂ ಇದೆ. 1950ರ ದಶಕವೊಂದರಲ್ಲೇ ಸುಮಾರು 4 ಲಕ್ಷ ಜನ ಕೆಲಸ ಹುಡುಕಿಕೊಂಡು ಐರ್ಲೆಂಡ್ ಬಿಟ್ಟು ಹೋದರು. ಕ್ಷಯ ಮನೆಮನೆಗಳನ್ನು ಬರಿದು ಮಾಡಿತ್ತು. ಶಾಲೆಯಲ್ಲಿ ಬೆತ್ತದ ಶಿಕ್ಷೆ ನಿಂತದ್ದು 1982ರಲ್ಲಷ್ಟೇ. ಚಿಕ್ಕ ಮಕ್ಕಳಿಗೆ ಇವನ್ನೆಲ್ಲ ಹೇಗೆ ಹೇಳುವುದು ಎಂಬುದು ನಿಜವಾದ ಪ್ರಶ್ನೆ. ಹಿರಿಯರು ತಾವೇ ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಹಡಗು ಹತ್ತಿದ ಅಣ್ಣನ ಕಥೆಯನ್ನು ಅವನು ಕಳಿಸಿದ ಪಾರ್ಸೆಲ್ಲಿನ ಕಥೆಯಾಗಿ ಹೇಳುತ್ತಿದ್ದರು. ಒಳ್ಳೆಯ ಚಿತ್ರಗಳು ನೋವನ್ನು ಮುಚ್ಚದೆ, ಮಗುವಿನ ಎತ್ತರಕ್ಕೆ ಇಳಿಸಿಕೊಳ್ಳುತ್ತವೆ.

ಜಾನಪದ ಆಯೋಗದ ಸಂಗ್ರಹ 1971ರಲ್ಲಿ ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿಗೆ ಸೇರಿತು; 2017ರಲ್ಲಿ ಯುನೆಸ್ಕೊದ ಜಗತ್ತಿನ ನೆನಪು ಪಟ್ಟಿಗೂ ಸೇರಿತು. ಶಾಲಾ ಸಂಗ್ರಹದ ಪುಟಗಳು ಈಗ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ. ಸ್ವಯಂಸೇವಕರು ಆ ಕೈಬರಹವನ್ನು ಓದಿ ಅಕ್ಷರಕ್ಕಿಳಿಸುತ್ತಿದ್ದಾರೆ. ಊರಿನ ಹೆಸರು ಹಾಕಿ ಹುಡುಕಿದರೆ, ಆ ಊರಿನ ಶಾಲೆಯ ಮಕ್ಕಳು 1938ರಲ್ಲಿ ಹಿರಿಯರನ್ನು ಕೇಳಿ ಬರೆದದ್ದು ಸಿಗುತ್ತದೆ.